ಹನ್ನೆರಡು ವರ್ಷದ ನೀಲಿಚಿಟ್ಟೆ

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನ ನೆಮ್ಮದಿ ಕೆಡಿಸಿದ್ದು ಕೌಂಟರಿನ ಅಕ್ಕ.

"ನಿಮ್ಮ ಮಗಳು ಮೊಬೈಲಲ್ಲಿ ಚಿತ್ರ ಬರೆಯೋ ಆಟ ಆಡ್ತಾಳಲ್ಲ, ಅದ್ರಲ್ಲಿ ಯಾರ ಜೊತೆ ಮಾತಾಡ್ತಾಳೆ ಗೊತ್ತಾ?"

"ಮಕ್ಕಳ ಜೊತೆ."

"ಮಕ್ಕಳು ಅಂತ ಯಾರು ಹೇಳಿದ್ದು? ನಲವತ್ತಾದವನೂ ಅಲ್ಲಿ ಹನ್ನೆರಡು ಅಂತ ಬರ್ಕೋಬಹುದು."

ಆ ಗಾಬರಿಯಲ್ಲಿ ಅವನು ಯಾರದೋ ಬಲಗಣ್ಣಿನ ಗಾಜನ್ನು ಎಡಗಣ್ಣಿಗೆ ಕೂರಿಸಿದ. ಮಗಳಿಗಿನ್ನೂ ಹನ್ನೊಂದು. ಶಾಲೆಗೆ ರಜೆ, ದಿನವಿಡೀ ಮನೆಯಲ್ಲೇ. ಕೇಳಿದರೆ "ಸುಮ್ನಿರಪ್ಪ" ಅನ್ನುತ್ತಾಳೆ. ಎಷ್ಟು ಹುಷಾರಾಗಿದ್ದಾಳೋ ಪರೀಕ್ಷಿಸಿಯೇ ಬಿಡೋಣವೆಂದು ತಾನೇ ಆ ಆಟಕ್ಕೆ ಸೇರಿದ. ಹೆಸರು ನೀಲಿಚಿಟ್ಟೆ, ವಯಸ್ಸು ಹನ್ನೆರಡು.

"ಚಿತ್ರ ಚೆನ್ನಾಗಿದೆ. ಯಾವ ಶಾಲೆ?" ಉತ್ತರವಿಲ್ಲ. "ಮನೇಲಿ ಯಾರಿದಾರೆ?" ಉತ್ತರವಿಲ್ಲ. ಎದೆ ಹಗುರಾಯಿತು. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಇನ್ನೊಂದೇ ಒಂದು ಎಂದುಕೊಂಡು, "ಫೋಟೋ ಕಳಿಸು. ಭೇಟಿ ಆಗೋಣ" ಎಂದು ಬರೆದ. ಬರೆದ ಬೆರಳೇ ತನ್ನದಲ್ಲ ಅನ್ನಿಸಿತು.

ಊಟಕ್ಕೆ ಕೂತಾಗ ಉತ್ತರ ಬಂತು. "ಸರಿ. ನಾಲ್ಕು ಗಂಟೆಗೆ ಗ್ರಂಥಾಲಯದ ಮೆಟ್ಟಿಲ ಹತ್ರ. ಒಬ್ಳೇ ಬರ್ತೀನಿ."

ಊಟದ ಡಬ್ಬಿ ಮುಚ್ಚಿ ಎದ್ದ. ತನ್ನ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ? ಮನೆಗೆ ಫೋನ್ ಮಾಡಿದ, ಹೆಂಡತಿ ಎತ್ತಲಿಲ್ಲ. ಬಸ್ಸೋ, ಹೊಟ್ಟೆ ತುಂಬಿದ ಎಮ್ಮೆಯ ಹಾಗೆ ನಡೆಯಿತು. ಇಳಿದವನೇ ಗ್ರಂಥಾಲಯಕ್ಕೆ ಓಡಿ, ಕಂಬ ಕಂಬದ ಹಿಂದೆ ಕಳ್ಳನಂತೆ ಇಣುಕಿದ. ಮಗಳು ಎಲ್ಲೂ ಇಲ್ಲ.

ಮೆಟ್ಟಿಲ ಮೇಲೆ ಪುಸ್ತಕ ಹಿಡಿದು ಕೂತಿದ್ದ ಹೆಂಗಸು ಎದ್ದು ಬಂದಳು. "ನೀಲಿಚಿಟ್ಟೆ ನೀವೇನಾ?"

"ಹೌದು, ಅವಳೆಲ್ಲಿ?"

ಅಷ್ಟರಲ್ಲಿ ಅವನ ಮಣಿಕಟ್ಟು ಅವಳ ಮುಷ್ಟಿಯಲ್ಲಿತ್ತು. "ಪೊಲೀಸ್. ಉತ್ತರ ಬರೆದಿದ್ದು ನಾನು. ಹುಡುಗಿ ನಿಮ್ಮ ಮೆಸೇಜೆಲ್ಲ ತಾಯಿಗೆ ತೋರಿಸಿದ್ಳು."

"ಮೇಡಂ, ನಾನೇ ಅವಳಪ್ಪ."

"ಸಿಕ್ಕಿಬಿದ್ದ ಮೇಲೆ ಎಲ್ಲರೂ ಯಾರಿಗೋ ಅಪ್ಪಂದಿರೇ."

ಗ್ರಂಥಾಲಯದ ಬಾಗಿಲ ಮರೆಯಿಂದ ಹೆಂಡತಿ ಹೊರಬಂದಳು. "ಇವರು ಗೊತ್ತಾ ನಿಮಗೆ?" ಎಂದು ಪೊಲೀಸಿನವಳು ಕೇಳಿದಳು.

"ಈಗಿನ ತನಕ ಗೊತ್ತು ಅಂದ್ಕೊಂಡಿದ್ದೆ."

ಹೇಳಿಕೆ ಬರೆಸಿಕೊಂಡು ಬಿಡುವಾಗ ಪೊಲೀಸಿನವಳು ಅಂದಳು, "ಮಗು ಊಟ ಬಿಟ್ಟು ಮಂಚದ ಕೆಳಗೆ ಕೂತಿದೆಯಂತೆ. ಹೋಗಿ ನೀವೇ ನಿಜ ಹೇಳಿ."

ಮನೆಯಲ್ಲಿ ಅಜ್ಜಿ ಎಷ್ಟು ಕರೆದರೂ ಬಾರದ ಮಗಳು ಅಪ್ಪನ ದನಿ ಕೇಳಿದ್ದೇ ಓಡಿಬಂದು ಅವನ ಕೈ ಹಿಡಿದಳು. "ಸಿಕ್ಕಿದ್ನಾ ಅಪ್ಪ ಅವನು?"

"ಸಿಕ್ಕಿದ. ಅದು... ನಾನೇ ಪುಟ್ಟಿ."

ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು. ಪೊಲೀಸಿನವಳ ಹಿಡಿತಕ್ಕಿಂತ ಅದು ಹೆಚ್ಚು ನೋಯಿಸಿತು.

"ತಪ್ಪಾಯ್ತು ಕಂದ, ಇನ್ನೆಂದೂ ಮಾಡಲ್ಲ. ಆದ್ರೆ ಶಾಲೇಲಿ ಮಾತ್ರ ಯಾರಿಗೂ ಹೇಳ್ಬೇಡ. ಇದು ನಮ್ಮ ನಮ್ಮಲ್ಲೇ ಗುಟ್ಟಾಗಿರ್ಲಿ."

ಮಗಳು ಸೀದಾ ಹೋಗಿ ಅಮ್ಮನ ಫೋನ್ ಎತ್ತಿಕೊಂಡಳು.

"ಯಾರಿಗೆ ಮಾಡ್ತಿದೀಯ?"

"ಟೀಚರ್‌ಗೆ. ದೊಡ್ಡೋರು ಯಾರಾದ್ರೂ ಗುಟ್ಟು ಅಂದ್ರೆ ತಕ್ಷಣ ತಿಳಿಸ್ಬೇಕು ಅಂದಿದಾರೆ."

ಆ ಕಡೆಯಿಂದ "ಹಲೋ" ಕೇಳಿಸಿತು.