ಬಡಾವಣೆಯ ಉದ್ಧಾರ, ನನ್ನ ಮಾನಹರಣ

ಸಮಾಜಸೇವೆ ಮಾಡಿದರೆ ಮಾನ ಸಿಗುತ್ತೆ ಅಂತಾರೆ. ನನ್ನ ವಿಷಯದಲ್ಲಿ ಇದ್ದ ಮಾನವೂ ಹೋಗುತ್ತಾ ಬಂದಿದೆ, ಇನ್ನೂ ಹೋಗುತ್ತಲೇ ಇದೆ.

ನಮ್ಮದು ಹಲಸೂರಿಗೂ ಇಂದಿರಾನಗರಕ್ಕೂ ಮಧ್ಯೆ ಸಿಕ್ಕಿಹಾಕಿಕೊಂಡಿರುವ ನಾಲ್ಕಾರು ಅಡ್ಡರಸ್ತೆಗಳ ಬಡಾವಣೆ. ಬಾಡಿಗೆ ಕೇಳುವಾಗ ಮಾತ್ರ ಇಂದಿರಾನಗರ, ಚರಂಡಿ ಕಟ್ಟಿಕೊಂಡಾಗ ಯಾವ ಊರೂ ಅಲ್ಲ. ವಿಮಾ ಕಚೇರಿಯಿಂದ ನಿವೃತ್ತನಾದ ಮೇಲೆ ಮನೆಯಲ್ಲಿ ಕೂತು ಅಡುಗೆಮನೆಗೆ ಸಲಹೆ ಕೊಡಲು ಶುರು ಮಾಡಿದೆ. ಅದನ್ನು ತಾಳಲಾರದೆ ನನ್ನ ಹೆಂಡತಿಯೇ ನಿವಾಸಿಗಳ ಸಂಘದ ಅಧ್ಯಕ್ಷರಿಗೆ ಫೋನ್ ಮಾಡಿ, "ನಮ್ಮೆಜಮಾನ್ರು ಖಾಲಿ ಇದಾರೆ, ಏನಾದ್ರೂ ಕೆಲಸ ಕೊಡಿ" ಅಂದಳು. ಹಾಗೆ ನಾನು ಕಾರ್ಯದರ್ಶಿಯಾದೆ. ಅಧ್ಯಕ್ಷರು ಸರ್ಕಾರಿ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು. ಈಗಲೂ ಸೈರನ್ ಕೇಳಿಸಿಕೊಂಡವರ ಹಾಗೆ ಬೆಳಿಗ್ಗೆ ಎದ್ದು ಬೀದಿ ಸುತ್ತುತ್ತಾರೆ.

ಒಂದು ಏತ್ವದ ಕಥೆ

ನನಗೆ ವಹಿಸಿದ ಮೊದಲ ಕೆಲಸ ಬಡಾವಣೆಯ ಸುದ್ದಿಪತ್ರ. ತಿಂಗಳಿಗೊಮ್ಮೆ, ಒಂದೇ ಹಾಳೆ, ಎರಡೂ ಕಡೆ ಸುದ್ದಿ. ನೀರಿನ ಪೈಪ್ ಒಡೆದಿದ್ದು, ಯೋಗ ತರಗತಿಯ ಸಮಯ, ಯಾರ ಮನೆ ಬೆಕ್ಕು ಕಾಣೆಯಾಗಿದೆ, ಇಂಥವು. ಫೋನಿನಲ್ಲೇ ಕನ್ನಡ ಟೈಪ್ ಮಾಡಿ, ಶಿವಾಜಿನಗರದ ಪ್ರಿಂಟಿಂಗ್ ಅಂಗಡಿಗೆ ಕಳಿಸುತ್ತಿದ್ದೆ.

ರಾಜ್ಯೋತ್ಸವದಲ್ಲಿ ಅಧ್ಯಕ್ಷರು ಭಾಷಣ ಮಾಡಿದ್ದರು. ನಾನು ಭಕ್ತಿಯಿಂದ, "ಅಧ್ಯಕ್ಷರು ನೆರೆದಿದ್ದವರೆಲ್ಲರ ಮನಸೂರೆಗೊಂಡರು" ಅಂತ ಬರೆದೆ. ನಾನು ಬರೆದದ್ದು ಹಾಗೆ. ಫೋನು ತನ್ನ ಬುದ್ಧಿ ಉಪಯೋಗಿಸಿ ಒಂದು ಏತ್ವ ಸೇರಿಸಿತ್ತು. ಬೆಳಿಗ್ಗೆ ಕಾಫಿ ಕುಡಿಯುತ್ತಾ ಹೆಂಡತಿ ಜೋರಾಗಿ ಓದಿದಳು.

"'ಅಧ್ಯಕ್ಷರು ನೆರೆದಿದ್ದವರೆಲ್ಲರ ಮನೆ ಸೂರೆಗೊಂಡರು.' ಏನ್ರೀ, ಇದ್ರಲ್ಲಿ ನಮ್ಮನೇನೂ ಸೇರ್ತಾ?"

ಓಡಿಹೋಗಿ ಹಾಳೆಗಳನ್ನು ವಾಪಸ್ ತರೋಣ ಅಂದರೆ, ಪೇಪರ್ ಹಾಕುವವರು ಆಗಲೇ ಪ್ರತಿ ಮನೆಗೂ ತೂರಿಸಿ ಹೋಗಿದ್ದರು. ಅಧ್ಯಕ್ಷರ ಫೋನ್ ಬಂತು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾನು ಫ್ಯಾಕ್ಟರೀಲಿ ಇಷ್ಟು ವರ್ಷ ಇದ್ದೆ ಸ್ವಾಮಿ, ಒಂದ್ ಸ್ಪ್ಯಾನರ್ ಮನೆಗೆ ತಂದವನಲ್ಲ" ಅಂದರು. ನಾನು ಫೋನ್ ಹಿಡಿದುಕೊಂಡೇ ಎರಡು ಕೈ ಮುಗಿಯಲು ಹೋಗಿ ಫೋನ್ ಬೀಳಿಸಿದೆ. ಮಾತಿನ ಮಧ್ಯೆ ಲೈನ್ ಕತ್ತರಿಸಿದೆ ಅಂತ ಅವರು ಇನ್ನೂ ನೊಂದುಕೊಂಡರು.

ಸಂಜೆ ಬೀಟ್ ಕಾನ್ಸ್‌ಟೇಬಲ್ ಆ ಹಾಳೆ ಹಿಡಿದು ನಮ್ಮ ಗೇಟಿಗೆ ಬಂದರು. ಮುಖದಲ್ಲಿ ನಗುವಿನ ಸುಳಿವೂ ಇಲ್ಲ.

"ಏನ್ ಸಾರ್, ಏರಿಯಾದಲ್ಲಿ ಎಲ್ಲರ ಮನೇನೂ ಲೂಟಿ ಆಗಿದೆ, ಸ್ಟೇಷನ್‌ಗೆ ಒಬ್ರೂ ಬಂದೇ ಇಲ್ವಲ್ಲ?"

ಕಸ ಬೇಕಾಗಿದೆ

ನಮ್ಮ ಮೂಲೆಯ ಟ್ರಾನ್ಸ್‌ಫಾರ್ಮರ್ ಕೆಳಗೆ ಜನ ಕಸ ಎಸೆಯುತ್ತಿದ್ದರು. ವಾಟ್ಸಾಪ್ ಗುಂಪಿನಲ್ಲಿ ದಿನಾ ನನ್ನದು ಒಂದೇ ಪಲ್ಲವಿ: "ದಯವಿಟ್ಟು ಕಸ ಹಾಕಬೇಡಿ." ಯಾರೂ ಕೇಳಲಿಲ್ಲ. ಕೊನೆಗೆ ಅಧ್ಯಕ್ಷರು ಒಂದು ಸ್ವಚ್ಛತಾ ಕಾರ್ಯಕ್ರಮ ಇಟ್ಟುಕೊಂಡರು. ವಾರ್ಡಿನ ಆರೋಗ್ಯ ಇಲಾಖೆಯ ಸಾಹೇಬರು ಮುಖ್ಯ ಅತಿಥಿ. ಅವರು ಪೊರಕೆ ಹಿಡಿದು ಗುಡಿಸಬೇಕು, ನಾವು ಪಕ್ಕದಲ್ಲಿ ನಿಲ್ಲಬೇಕು, ಫೋಟೋ ತೆಗೀಬೇಕು.

ಭಾನುವಾರ ಹೋಗಿ ನೋಡಿದರೆ ಜಾಗ ಫಳಫಳ ಅಂತಿದೆ! ಸಾಹೇಬರು ಬರುತ್ತಾರೆ ಅಂತ ಪೌರಕಾರ್ಮಿಕರು ಬೇಗ ಬಂದು ಗುಡಿಸಿ, ತೊಳೆದು, ಬ್ಲೀಚಿಂಗ್ ಪೌಡರಿನಲ್ಲಿ ಗೆರೆ ಬೇರೆ ಎಳೆದು ಹೋಗಿದ್ದಾರೆ. ಕಸದ ಆಟೋ ಕೂಡ ಹೊರಟುಹೋಗಿದೆ.

ಅಧ್ಯಕ್ಷರು ಹೊಸ ಪೊರಕೆ ಹಿಡಿದು ನನ್ನ ಮುಖ ನೋಡಿದರು. "ಅತಿಥಿಗಳು ಏನನ್ನ ಗುಡಿಸ್ಬೇಕು ಸ್ವಾಮಿ?"

ನಾನು ಆ ಗಳಿಗೆಯಲ್ಲಿ ಮಾಡಿದ್ದನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ. ಅದೇ ವಾಟ್ಸಾಪ್ ಗುಂಪಿನಲ್ಲಿ ಬರೆದೆ: "ತುರ್ತು. ಯಾರ ಮನೆಯಲ್ಲಾದರೂ ಕಸ ಉಳಿದಿದ್ದರೆ ದಯವಿಟ್ಟು ತಕ್ಷಣ ಮೂಲೆಗೆ ತಂದು ಹಾಕಿ."

ಒಬ್ಬರು ನಗುವ ಚಿತ್ರ ಹಾಕಿದರು. ಇನ್ನೊಬ್ಬರು, "ನಾವು ಇನ್ಮೇಲೆ ಹಾಕಲ್ಲ ಅಂತ ತೀರ್ಮಾನ ಮಾಡಿದೀವಿ ಸಾರ್, ಕ್ಷಮಿಸಿ" ಅಂದರು. ಬೇರೆ ದಾರಿ ಇಲ್ಲದೆ ಹೆಂಡತಿಗೆ ಫೋನ್ ಮಾಡಿದೆ.

"ಮನೇಲಿ ಕಸ ಇದ್ಯೇನೇ?"

"ಇದೆ. ಹಸೀದು ಬೇಕಾ, ಒಣದು ಬೇಕಾ?"

"ಯಾವ್ದಾದ್ರೂ ಕೊಡೇ ತಾಯಿ!"

ಬಕೆಟ್ ತಂದೆ. ಬಾಳೆಹಣ್ಣಿನ ಸಿಪ್ಪೆ, ಟೀ ಚರಟ, ಹುರುಳಿಕಾಯಿ ನಾರು, ಎಲ್ಲವನ್ನೂ ಚೆನ್ನಾಗಿ ಕಾಣುವ ಹಾಗೆ ಹರಡುತ್ತಿದ್ದೆ. ಹಿಂದೆ ಜೀಪಿನ ಬಾಗಿಲು ಬಡಿದ ಸದ್ದಾಯಿತು. ಸಾಹೇಬರು ಹೇಳಿದ ಸಮಯಕ್ಕಿಂತ ಮುಂಚೆಯೇ ಬಂದಿದ್ದರು.

"ರೀ, ಹಿಡ್ಕೊಳ್ರೀ ಆವಯ್ಯನ್ನ!" ಅಂದರು ತಮ್ಮ ಜೊತೆಗೆ ಬಂದ ಪಾಲಿಕೆಯ ಮಾರ್ಷಲ್‌ಗೆ.

"ಸಾರ್, ನಾನು ಕಾರ್ಯದರ್ಶಿ" ಅಂದೆ.

"ಯಾರಾದ್ರೇನು? ಇಷ್ಟ್ ಕ್ಲೀನಾಗಿರೋ ಜಾಗದಲ್ಲಿ ಸುರೀತಿದೀರಲ್ಲ, ನಾಚ್ಕೆ ಆಗಲ್ವಾ?"

ಆಗುತ್ತಿತ್ತು. ಬಹಳ ಆಗುತ್ತಿತ್ತು. ಆದರೆ ಯಾಕೆ ಸುರಿಯುತ್ತಿದ್ದೇನೆ ಅಂತ ಹೇಳುವುದು ಅದಕ್ಕಿಂತ ನಾಚಿಕೆಗೇಡು. ಅಧ್ಯಕ್ಷರು ಪೊರಕೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಆಕಾಶ ನೋಡುತ್ತಿದ್ದರು. ಕೊನೆಗೆ ನಮ್ಮ ಸ್ವಚ್ಛತಾ ಕಾರ್ಯಕ್ರಮವನ್ನು ಮುಖ್ಯ ಅತಿಥಿಗಳು ನನಗೆ ದಂಡದ ರಸೀದಿ ಹರಿದುಕೊಡುವ ಮೂಲಕ ಉದ್ಘಾಟಿಸಿದರು.

ತಣ್ಣಿ

ಆ ಬೇಸಿಗೆಯಲ್ಲಿ ನಮ್ಮ ಕಡೆ ನಲ್ಲಿಯಲ್ಲಿ ಗಾಳಿ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಮನೆಗಳಲ್ಲಿ ಪಾತ್ರೆ ತೊಳೆಯದೆ ಬಾಳೆಎಲೆಯಲ್ಲಿ ಊಟ ಮಾಡುವ ಪರಿಸ್ಥಿತಿ. ಅಧ್ಯಕ್ಷರು ಓಡಾಡಿ, ಕಾಡಿ ಬೇಡಿ, ಒಂದು ಟ್ಯಾಂಕರ್ ಗೊತ್ತು ಮಾಡಿದರು. ಅವರ ಮನೆ ಮುಂದೆ ನಿಲ್ಲಿಸುವುದು, ಎಲ್ಲರೂ ಬಿಂದಿಗೆ ತಂದು ಹಿಡಿದುಕೊಳ್ಳುವುದು ಅಂತ ತೀರ್ಮಾನವಾಯಿತು.

ಹಿಂದಿನ ಓಣಿಯಲ್ಲಿ ತಮಿಳರ ಮನೆಗಳು ಜಾಸ್ತಿ. ಅವರಿಗೆ ಅವರ ಭಾಷೆಯಲ್ಲೇ ಹೇಳೋಣ ಅನ್ನುವ ಸೌಹಾರ್ದ ನನಗೆ ಉಕ್ಕಿ ಬಂತು. ಆಟೋದಲ್ಲಿ ಮೈಕ್ ಕಟ್ಟಿಸಿಕೊಂಡು ನಾನೇ ಕೂತೆ. 'ನೀರು' ಅಂದರೆ 'ತಣ್ಣಿ', 'ಹಾಕು' ಅಂದರೆ 'ಪೋಡು'. ಇಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು!

"ಇನ್ನಿಕ್ಕಿ ಸಾಯಂಕಾಲಂ ಪ್ರೆಸಿಡೆಂಟ್ ವೀಟ್ಲೆ ತಣ್ಣಿ ಪೋಡ್ರೋಂ! ಎಲ್ಲಾರುಂ ವಾಂಗೋ! ಫ್ರೀ! ಫ್ರೀ!"

ಇವತ್ತು ಸಂಜೆ ಅಧ್ಯಕ್ಷರ ಮನೆಯಲ್ಲಿ ನೀರು ಹಾಕುತ್ತೇವೆ, ಎಲ್ಲರೂ ಬನ್ನಿ ಅಂತ ನನ್ನ ಅರ್ಥ. ಓಣಿಯಲ್ಲಿ ಎಂಥ ಸ್ಪಂದನೆ! ಗಂಡಸರು ಮನೆಯಿಂದ ಹೊರಗೆ ಬಂದು ಚಪ್ಪಾಳೆ ತಟ್ಟಿದರು. ಒಬ್ಬರು ಆಟೋ ಪಕ್ಕದಲ್ಲೇ ಓಡಿಬಂದು, "ನಿಜವಾ ಸಾರ್? ಅವರ ಮನೇಲಾ?" ಅಂತ ಕೇಳಿದರು. "ನಿಜ, ಬೇಕಾದಷ್ಟಿದೆ" ಅಂದೆ. ಅವರು ನನ್ನ ಕೈ ಕುಲುಕಿದರು. ನಿವೃತ್ತಿಯ ನಂತರ ನನ್ನ ಕೈ ಯಾರೂ ಅಷ್ಟು ಪ್ರೀತಿಯಿಂದ ಕುಲುಕಿರಲಿಲ್ಲ. ಹೆಂಗಸರು ಮಾತ್ರ ನನ್ನನ್ನು ದುರುಗುಟ್ಟಿಕೊಂಡು ನೋಡುತ್ತಿದ್ದರು.

ಬೀದಿಯ ತುದಿಯಲ್ಲಿ ಹೂವು ಮಾರುವ ಅಮ್ಮ ಆಟೋ ನಿಲ್ಲಿಸಿದರು. "ಅಯ್ಯೋ ಸಾಮಿ, ಏನ್ ಹೇಳ್ತಿದೀರ ಗೊತ್ತಾ? ನೀವು ಎಣ್ಣೆ ಹೊಡಿಯೋದು ಅಂತೀರಲ್ಲ, ಅದಕ್ಕೇ ನಾವು ತಣ್ಣಿ ಪೋಡೋದು ಅನ್ನೋದು!"

ಆಟೋ ತಿರುಗಿಸಿಕೊಂಡು ಅಧ್ಯಕ್ಷರ ಮನೆಗೆ ಹೋಗುವಷ್ಟರಲ್ಲಿ ಹೊತ್ತು ಮೀರಿತ್ತು. ಅಧ್ಯಕ್ಷರು ಟೀ ಕೂಡ ಕುಡಿಯದವರು. ಹಣೆ ತುಂಬ ವಿಭೂತಿ ಇಟ್ಟುಕೊಂಡು ಗೇಟಿನಲ್ಲಿ ನಿಂತಿದ್ದಾರೆ. ಎದುರಿಗೆ ಸ್ನಾನ ಮಾಡಿ ತಲೆ ಬಾಚಿಕೊಂಡ ಗಂಡಸರ ಗುಂಪು. ಒಬ್ಬರ ಕೈಯಲ್ಲೂ ಬಿಂದಿಗೆ ಇಲ್ಲ. ಮುಂದೆ ನಿಂತಿದ್ದವರು ಕಡಲೆಕಾಯಿ ಪೊಟ್ಟಣವನ್ನು ವಿನಯದಿಂದ ಚಾಚಿ ಹೇಳುತ್ತಿದ್ದರು:

"ನಿಮಗೆ ಯಾಕೆ ತೊಂದ್ರೆ ಅಂತ, ನೆಂಚ್ಕೊಳೋಕೆ ನಾವೇ ತಂದಿದೀವಿ ಸಾರ್."

ಹಿರಿಯ ಚೇತನ

ಇದು ಕಳೆದ ವರ್ಷದ್ದು. ಇದನ್ನು ಹೇಳುವುದೋ ಬೇಡವೋ ಅಂತ ಬಹಳ ಯೋಚನೆ ಮಾಡಿದೆ.

ನಮ್ಮ ಪಾರ್ಕ್ ಪಾರ್ಕಾಗಿ ಉಳಿದಿದ್ದರೆ ಅದಕ್ಕೆ ಒಬ್ಬರೇ ಕಾರಣ, ಒಬ್ಬ ನಿವೃತ್ತ ಮೇಷ್ಟ್ರು. ಯಾರೋ ಅಲ್ಲಿ ಅಂಗಡಿ ಕಟ್ಟಲು ಜಲ್ಲಿ ತಂದು ಸುರಿದಾಗ, ಮೇಷ್ಟ್ರು ಕುರ್ಚಿ ತಂದು ಆ ಜಲ್ಲಿ ರಾಶಿಯ ಮುಂದೆ ಕೂತು, ಜಾಗ ಬಿಟ್ಟು ಏಳಲಿಲ್ಲ. ಅವರ ಜೊತೆಗೆ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಕೊಂಡು ಕೂತವರು ಅವರ ಗೆಳೆಯ, ಶಿವಾಜಿನಗರದಲ್ಲಿ ಪೇಂಟ್ ಅಂಗಡಿ ಇಟ್ಟಿದ್ದ ಸಾಹೇಬರು. ಪಾರ್ಕ್ ಉಳಿಯಿತು, ಗೆಳೆತನ ಉಳಿಯಲಿಲ್ಲ. ಪಾರ್ಕಿನ ಗೇಟಿಗೆ ಹಸಿರು ಬಣ್ಣ ಹೊಡೆಸಬೇಕು ಅಂತ ಮೇಷ್ಟ್ರು, ನೀಲಿ ಅಂತ ಸಾಹೇಬರು. ಸಾಹೇಬರು ತಮ್ಮ ಅಂಗಡಿಯಿಂದ ನೀಲಿ ಡಬ್ಬ ತಂದು ಹೊಡೆಸಿಯೇಬಿಟ್ಟರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಹಲಸೂರು ಕೆರೆ ಸುತ್ತ ವಾಕಿಂಗ್ ಹೋದರೆ ಒಬ್ಬರು ಬಲಕ್ಕೆ ಸುತ್ತಿದರೆ ಇನ್ನೊಬ್ಬರು ಎಡಕ್ಕೆ. ಹಾಗಾಗಿ ಪ್ರತಿ ಸುತ್ತಿನಲ್ಲೂ ಎದುರುಬದುರಾಗಿ ಮುಖ ತಿರುಗಿಸಿಕೊಳ್ಳುತ್ತಿದ್ದರು.

ಮೇಷ್ಟ್ರಿಗೆ ಎಂಬತ್ತು ತುಂಬಿತು. ಭಾನುವಾರ ಸನ್ಮಾನ, ಊಟ. ನಾನು ಬ್ಯಾನರಿಗಾಗಿ ಪ್ರಿಂಟಿಂಗ್ ಅಂಗಡಿಯವರಿಗೆ ಫೋನಿನಲ್ಲಿ ಹೇಳಿದೆ: "ದೊಡ್ಡ ಮನುಷ್ಯರು. ಫೋಟೋಗೆ ಹೂವಿನ ಹಾರ ಹಾಕಿ, ಎರಡು ಕಡೆ ದೀಪ ಇಡಿ. 'ಹಿರಿಯ ಚೇತನಕ್ಕೆ ನಮ್ಮ ನಮನ, ನಿಮ್ಮ ಸೇವೆ ಮರೆಯಲಾರೆವು' ಅಂತ ಬರೀರಿ. ಹುಟ್ಟಿದ ದಿನ ಹಾಕಿ, ಕಾರ್ಯಕ್ರಮದ ದಿನಾನೂ ಹಾಕಿ." ತಾವೇ ತಂದು ಪಾರ್ಕಿನ ಗೇಟಿಗೆ ಕಟ್ಟುತ್ತೇವೆ ಅಂದರು. ನಾನು ನಿಶ್ಚಿಂತೆಯಿಂದ ಮಾರತ್ತಹಳ್ಳಿಯಲ್ಲಿ ತಂಗಿ ಮನೆಯ ಸತ್ಯನಾರಾಯಣ ಪೂಜೆಗೆ ಹೋದೆ.

ಅಂಗಡಿಯವರು ನಾನು ಹೇಳಿದ್ದರಲ್ಲಿ ಒಂದನ್ನೂ ಬಿಟ್ಟಿರಲಿಲ್ಲ. ಕಪ್ಪು ಬಿಳುಪು ಫೋಟೋ, ಹಾರ, ದೀಪ, ನಮನ. ಎಡಗಡೆ ಹುಟ್ಟಿದ ದಿನ, ಬಲಗಡೆ ಭಾನುವಾರದ ದಿನಾಂಕ, ನಡುವೆ ಒಂದು ಗೆರೆ.

ಮಧ್ಯಾಹ್ನ ಫೋನ್ ನೋಡಿದರೆ ಹೆಂಡತಿಯದೇ ಸಾಲು ಸಾಲು ಕರೆ. ಓಡಿ ಬಂದೆ. ಪಾರ್ಕಿನ ಗೇಟಿನಲ್ಲಿ ಹೂವಿನ ರಾಶಿ, ಊದಿನಕಡ್ಡಿ. ಅಧ್ಯಕ್ಷರು ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದರು. ಗುಂಪಿನಲ್ಲಿ ಒಬ್ಬರಿಗೆ ಮಾತ್ರ ಅನುಮಾನ: "ಇವತ್ತಿನ್ನೂ ಗುರುವಾರ. ಭಾನುವಾರ ಹೋಗ್ತಾರೆ ಅಂತ ಇವರಿಗೆ ಹೆಂಗೆ ಗೊತ್ತಾಯ್ತು?"

ಬ್ಯಾನರ್ ಕಿತ್ತು ಸುತ್ತಿ ಕಂಕುಳಲ್ಲಿಟ್ಟುಕೊಂಡು ಮೇಷ್ಟ್ರ ಮನೆಗೆ ಹೋದೆ. ಕೆ.ಆರ್. ಪುರದಿಂದ ಅವರ ತಂಗಿಯ ಮಗಳು ಅಳುತ್ತಾ ಬಂದು, ಆಗಷ್ಟೇ ಸುಧಾರಿಸಿಕೊಂಡು, ಒಳಗೆ ಉಪ್ಪಿಟ್ಟು ಮಾಡುತ್ತಿದ್ದರು. ಮೇಷ್ಟ್ರು ವರಾಂಡದಲ್ಲಿ ಕೂತಿದ್ದರು. ಬಗ್ಗಿ ಕಾಲು ಮುಟ್ಟಿದೆ. ನಿಜ ಹೇಳಬೇಕೆಂದರೆ, ಅಳುವೇ ಬಂತು. ಇಡೀ ಬಡಾವಣೆಗೆ ಪಾರ್ಕ್ ಉಳಿಸಿಕೊಟ್ಟ ಮನುಷ್ಯನಿಗೆ ನಾನು ಕೊಟ್ಟ ಉಡುಗೊರೆ ಇದು.

"ಏಳಿ, ಏಳಿ" ಅಂದರು ಮೇಷ್ಟ್ರು. "ನನಗೇನೂ ಬೇಜಾರಿಲ್ಲ. ಒಂದೇ ಒಂದು ತೊಂದ್ರೆ. ನಾಳೆ ನಾನು ನಿಜವಾಗ್ಲೂ ಹೋದ್ರೆ ಒಬ್ರೂ ನಂಬಲ್ಲ. ಮನೆ ಮನೆಗೂ ಹೋಗಿ ಪ್ರಮಾಣ ಮಾಡೋ ಕೆಲಸ ನಿಮ್ದೇ."

ಅಷ್ಟರಲ್ಲಿ ಗೇಟಿನ ಮುಂದೆ ಆಟೋ ನಿಂತಿತು. ಪೇಂಟ್ ಅಂಗಡಿ ಸಾಹೇಬರು ಇಳಿದರು. ಟೋಪಿ ಓರೆಯಾಗಿತ್ತು, ಗಡ್ಡವೆಲ್ಲ ಒದ್ದೆ. ಗೇಟಿನ ಸರಳು ಹಿಡಿದು, ತಲೆ ತಗ್ಗಿಸಿಕೊಂಡು ಬಿಕ್ಕುತ್ತಾ ನಿಂತರು. ನಾನು ಕಂಬದ ಹಿಂದೆ ಸರಿದೆ.

"ಯಾಕೋ ಅಳ್ತಿದೀಯ?" ಅಂದರು ಮೇಷ್ಟ್ರು.

ಸಾಹೇಬರು ತಲೆಯೆತ್ತಿ ನೋಡಿದರು. ಬಾಯಿ ತೆರೆದೇ ಇತ್ತು. "ಯಾ ಅಲ್ಲಾ! ಮೇಷ್ಟ್ರೇ, ಇಲ್ಲೇ ಇದೀರಾ?"

"ಇನ್ನೆಲ್ಲಿಗೆ ಹೋಗ್ಲಿ? ಉಪ್ಪಿಟ್ಟು ಆಗ್ತಿದೆ, ಒಳಗ್ ಬಾ."

ಸಾಹೇಬರು ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. ಮೇಷ್ಟ್ರ ಕೈ ಹಿಡಿದುಕೊಂಡರು. ಆಮೇಲೆ ಸಾಹೇಬರು ಮೂಗೊರೆಸಿಕೊಂಡು, "ಆಟೋದಲ್ಲಿ ದಾರಿಯೆಲ್ಲಾ ಒಂದೇ ಯೋಚ್ನೆ ಮೇಷ್ಟ್ರೇ. ನಾನ್ಯಾಕೆ ಅಷ್ಟು ಹಟ ಮಾಡ್ದೆ? ಪಾಪ, ಮೇಷ್ಟ್ರು ಆಸೆಪಟ್ರು, ಹಸಿರೇ ಹೊಡೆಸ್ಬೇಕಿತ್ತು ಅಂತ" ಅಂದರು.

ಮೇಷ್ಟ್ರ ಮುಖ ಅರಳಿತು. "ಹಂಗಾದ್ರೆ ಈಗ ಹಸಿರು ಹೊಡೆಸೋಣ ಅಂತೀಯಾ?"

ಸಾಹೇಬರು ಅವರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಉಸಿರಾಡುತ್ತಿದ್ದಾರೆ, ಗಟ್ಟಿಮುಟ್ಟಾಗಿದ್ದಾರೆ ಅಂತ ಖಾತ್ರಿ ಮಾಡಿಕೊಂಡರು. ಹಿಡಿದಿದ್ದ ಕೈ ಬಿಟ್ಟರು.

"ಈಗ ಬದುಕಿದೀರಲ್ಲ ಮೇಷ್ಟ್ರೇ. ನೀಲೀನೇ ಇರ್ಲಿ."