ಸೆಲ್ಮರ್ ಟ್ವೆಟನ್ ಹಿಡಿದ ನಕಲಿ ವಾರಸುದಾರ

ನಕಲಿ ವಾರಸುದಾರನನ್ನು ಪತ್ತೆಹಚ್ಚುವ ವಿದ್ಯೆಯಲ್ಲಿ ಇಡೀ ಮಿನೆಸೋಟದಲ್ಲಿ ತನಗೆ ಸರಿಸಾಟಿಯಿಲ್ಲ ಎಂದು ಸೆಲ್ಮರ್ ಟ್ವೆಟನ್ ನಂಬಿದ್ದ. ಪಕ್ಕದ ವಿಸ್ಕಾನ್ಸಿನ್‌ನಲ್ಲಿ ಒಬ್ಬರೋ ಇಬ್ಬರೋ ಇರಬಹುದೇನೋ. ಅವರೂ ಇವನ ಶಿಷ್ಯರಾಗಲು ಅರ್ಜಿ ಹಾಕಬೇಕಾದವರೇ!

ವಾರದ ಉಳಿದೆಲ್ಲ ಹೊತ್ತು ಸೆಲ್ಮರ್ ನಮ್ಮ ಸ್ಟೋರ್‌ಡಾಲ್ ಊರಿನ ಸಹಕಾರಿ ಡೈರಿಯಲ್ಲಿ ಬೆಣ್ಣೆ ತೆಗೆಯುತ್ತಿದ್ದ. ಶನಿವಾರ ಸಂಜೆ ಆರೂವರೆಯಿಂದ ಏಳೂವರೆಯವರೆಗೆ ಮಾತ್ರ ಅವನು ಲಾಸ್ ಏಂಜಲೀಸಿನ ಕ್ರಿಮಿನಲ್ ವಕೀಲ. ಆ ಒಂದು ಗಂಟೆ ಟೆಲಿವಿಷನ್ನಿನಲ್ಲಿ ಕೋರ್ಟಿನ ಪತ್ತೇದಾರಿ ಧಾರಾವಾಹಿ. ಊರಿನ ರಸ್ತೆಯಲ್ಲಿ ನಾಯಿಯೂ ಓಡಾಡುತ್ತಿರಲಿಲ್ಲ. ಸೆಲ್ಮರ್ ಮಾತ್ರ ಕುರ್ಚಿಯ ತುದಿಗೆ ಕೂತು, ಎರಡು ಹೆಬ್ಬೆರಳುಗಳನ್ನೂ ಪ್ಯಾಂಟನ್ನು ಎತ್ತಿಹಿಡಿಯುವ ಭುಜದ ಪಟ್ಟಿಗಳಿಗೆ ಸಿಕ್ಕಿಸಿಕೊಂಡು, ಪರದೆಯ ಮೇಲಿನ ವಕೀಲನಿಗೆ ಸಲಹೆ ಕೊಡುತ್ತಿದ್ದ.

ಆವತ್ತಿನ ಕಂತಿನಲ್ಲಿ ಕಿತ್ತಳೆ ತೋಟದ ಮುದುಕಿಯೊಬ್ಬಳ ಮನೆಗೆ, ಎಂದೋ ಕಳೆದುಹೋದ ಮೊಮ್ಮಗ ಬಂದು ಇಳಿದ. ಕೊರಳಲ್ಲಿ ಲಾಕೆಟ್, ಭುಜದ ಮೇಲೆ ಮಚ್ಚೆ, ಕಣ್ಣಲ್ಲಿ ನೀರು.

"ನಕಲಿ!" ಎಂದು ಸೆಲ್ಮರ್ ಕುರ್ಚಿಯಿಂದ ಎದ್ದೇ ಬಿಟ್ಟ. "ಇನ್ನೂ ಸೋಪಿನ ಜಾಹೀರಾತು ಬಂದಿಲ್ಲ, ನಾನು ಹಿಡಿದುಬಿಟ್ಟೆ. ನೋಡಿದ್ಯಾ ಆರ್ಡಿಸ್?"

ಅವನ ಹೆಂಡತಿ ಆರ್ಡಿಸ್ ಹೆಣಿಗೆಯಿಂದ ತಲೆ ಎತ್ತಲಿಲ್ಲ. "ಆ ಅಡುಗೆಯವಳನ್ನೂ ನಕಲಿ ಅಂದ್ರಿ. ತೋಟದ ಮೇನೇಜರನ್ನೂ ಅಂದ್ರಿ. ಹೋದ ವಾರ ಜಡ್ಜ್ ಸಾಹೇಬ್ರನ್ನೂ ಬಿಡಲಿಲ್ಲ. ಎಲ್ಲರನ್ನೂ ಬೈದ್ರೆ ಯಾರೋ ಒಬ್ಬರು ಕಳ್ಳ ಆಗೇ ಆಗ್ತಾರೆ ರೀ."

ಏಳೂಕಾಲಿಗೆ ವಕೀಲ ಎದ್ದು ನಿಂತು ಒಂದು ಫೋಟೋ ಹೊರತೆಗೆದ. ಗೋರಿಕಲ್ಲಿನ ಫೋಟೋ! ನಿಜವಾದ ಮೊಮ್ಮಗ ಮೂರು ವರ್ಷಕ್ಕೇ ತೀರಿಕೊಂಡಿದ್ದ. ಆ ಹೆಸರನ್ನು ಹೊದ್ದು ಬಂದವನು ಮೇನೇಜರ್ ತಯಾರು ಮಾಡಿದ ನಾಟಕದ ಹುಡುಗ. ಕಟಕಟೆಯಲ್ಲಿ ಅವನು ಬಿಕ್ಕಿ ಬಿಕ್ಕಿ ಅತ್ತ. ಸೆಲ್ಮರ್ ಗೆದ್ದವನಂತೆ ಎರಡು ತುಂಡು ಹೆಚ್ಚಿಗೆ ಕೇಕ್ ತಿಂದ.

ಸೋಮವಾರ ಬೆಳಗ್ಗೆ ಟೆಲಿಫೋನ್ ರಿಂಗಣಿಸಿತು. ನಮ್ಮ ಕಡೆ ಒಂದೇ ತಂತಿಗೆ ಎಂಟು ಮನೆ. ಯಾರ ಮನೆಗೆ ಕರೆ ಬಂದರೂ ಎಂಟು ಕಿವಿಗಳು ಹಾಜರು. ಹೀಗಾಗಿ ಸುದ್ದಿ ಸೆಲ್ಮರನಿಗೂ ಅರ್ಧ ಊರಿಗೂ ಒಟ್ಟಿಗೇ ತಲುಪಿತು.

ಮಾತಾಡಿದವಳು ತೋರಾ ಅತ್ತೆ, ಸೆಲ್ಮರನ ತಂದೆಯ ತಂಗಿ. ಎಂಬತ್ಮೂರು ವರ್ಷ, ಗಂಡ ಮಕ್ಕಳು ಇಲ್ಲ. ಅವಳಿಗಿದ್ದ ಆಸ್ತಿಯೆಂದರೆ ಸರೋವರದ ದಂಡೆಯಲ್ಲಿ ಒಂದು ಮರದ ಮನೆ, ಒಂದು ದೋಣಿ. ಸೆಲ್ಮರ್ ಇಪ್ಪತ್ತು ವರ್ಷದಿಂದ ಬೇಸಿಗೆಯ ರಜೆಯನ್ನೆಲ್ಲ ಕಳೆದದ್ದು ಅಲ್ಲೇ. ಅಲ್ಲಿ ಅವನು ಹಿಡಿದ ಒಂದು ಮೀನು ನೀರಿನಿಂದ ಮೇಲೆ ಬಂದಾಗ ಸರೋವರ ಒಂದು ಗೇಣು ಇಳಿಯಿತಂತೆ! ಆ ಮನೆ ಮುಂದೆ ತನ್ನದೇ ಎಂದು ಅವನು ಮನಸ್ಸಿನಲ್ಲೇ ಹೊಸ ಪರದೆ ಕೂಡ ಕಟ್ಟಿ ಆಗಿತ್ತು.

"ಲೋ ಸೆಲ್ಮರ್, ನನ್ನ ತಮ್ಮ ಹಾಲ್ವರ್ ಇದ್ನಲ್ಲ, ಅವನ ಮಗ ಬರ್ತಿದಾನೆ ಕಣೋ!" ಎಂದಳು ಅತ್ತೆ. "ಸಿಯಾಟಲ್‌ನಿಂದ. ಓರ್ವಿನ್ ಅಂತ ಹೆಸರು. ನಮ್ಮ ಹಾಲ್ವರ್ ಹೋದ ಚಳಿಗಾಲದಲ್ಲಿ ತೀರಿಕೊಂಡನಂತೆ. ಮನೆ ಬಿಟ್ಟು ಐವತ್ತೆರಡು ವರ್ಷ ಆಗಿತ್ತು, ಒಂದು ಕಾಗದ ಇಲ್ಲ. ಈಗ ಮಗನನ್ನಾದರೂ ಕಣ್ತುಂಬಾ ನೋಡ್ತೀನಲ್ಲ! ಸಮಾಧಿಗೆ ಹೂವಿಡೋ ದಿನಕ್ಕೆ ಇಲ್ಲೇ ಇರ್ತಾನೆ. ಮಾರನೇ ದಿನ ಪೇಟೆಗೆ ಹೋಗಿ ಸರೋವರದ ಮನೆ ಕಾಗದ ಬರೆಸಿಬಿಡ್ತೀನಿ."

ಸೆಲ್ಮರ್ ರಿಸೀವರ್ ಇಟ್ಟು ಹೆಂಡತಿಯ ಕಡೆ ತಿರುಗಿದ. "ಆರ್ಡಿಸ್, ನನಗೆ ಹಾಲ್ವರ್ ಅನ್ನೋ ಚಿಕ್ಕಪ್ಪ ಇದ್ದ ಅಂತ ಯಾವತ್ತಾದರೂ ಕೇಳಿದೀಯಾ?"

"ಇಲ್ಲ."

"ನಮ್ಮಪ್ಪ ಸಾಯೋವರೆಗೂ ಆ ಹೆಸರು ಎತ್ತಲಿಲ್ಲ. ಮುದುಕಿ, ಒಂಟಿ, ಆಸ್ತಿ. ದೂರದಿಂದ ಬರೋ ವಾರಸುದಾರ. ಅರ್ಥ ಆಯ್ತಾ?"

"ಆಯ್ತು. ಅತ್ತೆ ಮನೆಗೆ ಹೋಗಿ ಹಾಸಿಗೆಗೆ ಒಗೆದ ಬಟ್ಟೆ ಹಾಕಬೇಕು."

ಗುರುವಾರ ಓರ್ವಿನ್ ಅತ್ತೆಯ ಮನೆಗೆ ಬಂದ. ಸೆಲ್ಮರ್, ಆರ್ಡಿಸ್ ಇಬ್ಬರೂ ಅಲ್ಲಿ ಹಾಜರಿದ್ದರು. ಮೂವತ್ತೆಂಟರ ಆಸುಪಾಸು, ಸಮುದ್ರದಲ್ಲಿ ಮೀನು ಹಿಡಿಯುವವನು, ಬಾಗಿಲು ಸಾಲದಷ್ಟು ಭುಜ, ಮಾತು ಕಡಿಮೆ. ಅತ್ತೆ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿಯೇ ನೋಡಿದಳು. ಸೆಲ್ಮರನೂ ನೋಡಿದ, ಬೇರೆ ಕಣ್ಣಿನಿಂದ.

ಕುತೂಹಲ ಅವನನ್ನು ಒಂದು ಕಡೆ ಕೂರಲು ಬಿಡಲಿಲ್ಲ. ಕಾಫಿ ಬಂದಾಗ ಸಕ್ಕರೆ ಅಚ್ಚಿನ ಬಟ್ಟಲನ್ನು ಮೆಲ್ಲಗೆ ಮುಂದೆ ತಳ್ಳಿದ. ನಮ್ಮ ಜನ ಸಕ್ಕರೆಯನ್ನು ಕಾಫಿಗೆ ಹಾಕುವುದಿಲ್ಲ, ಹಲ್ಲಿನ ನಡುವೆ ಕಚ್ಚಿಕೊಂಡು ಅದರ ಮೂಲಕ ಕಾಫಿ ಹೀರುತ್ತಾರೆ. ಓರ್ವಿನ್ ಅಚ್ಚನ್ನು ಹಲ್ಲಿಗೆ ಕಚ್ಚಿದ, ಸುರ್ರೆಂದು ಹೀರಿದ.

"ನೋಡಿದ್ಯಾ?" ಸೆಲ್ಮರ್ ಅಡುಗೆಮನೆಯಲ್ಲಿ ಪಿಸುಗುಟ್ಟಿದ. "ಚೆನ್ನಾಗಿ ತರಬೇತಿ ಕೊಟ್ಟಿದಾರೆ!"

"ಕಾಫಿಗೆ ಹಾಕ್ಕೊಂಡಿದ್ರೆ?"

"ಆಗ ಹೊರಗಿನವನು ಅಂತ ಖಾತ್ರಿ ಆಗ್ತಿತ್ತು."

"ಹಾಗಾದ್ರೆ ಪಾಪ, ಅವನು ಕಾಫಿ ಹೇಗೆ ಕುಡೀಬೇಕು ಅಂತ ನೀವೇ ಹೇಳಿಬಿಡಿ!"

ಮುಂದಿನ ಹೆಜ್ಜೆ ಬೆರಳಚ್ಚು. ಓರ್ವಿನ್ ಕುಡಿದಿಟ್ಟ ಕಪ್ಪನ್ನು ಸೆಲ್ಮರ್ ಯಾರಿಗೂ ಕಾಣದಂತೆ ಕೋಟಿನ ಜೇಬಿಗೆ ಇಳಿಸಿದ. ಅದರಲ್ಲಿ ಅರ್ಧ ಕಾಫಿ ಇನ್ನೂ ಇತ್ತು ಎಂಬ ಸಣ್ಣ ಸಂಗತಿಯನ್ನು ಗಮನಿಸಲಿಲ್ಲ. ಮನೆಗೆ ಬಂದು, ತೊಡೆಯವರೆಗೆ ಒದ್ದೆಯಾದ, ಚರ್ಚಿಗೆಂದು ಇಟ್ಟಿದ್ದ ಒಳ್ಳೆಯ ಕೋಟಿನಲ್ಲೇ ಕೂತು, ಆರ್ಡಿಸಳ ಕೋಕೋ ಡಬ್ಬಿ ತೆಗೆದು ಕಪ್ಪಿನ ಮೇಲೆ ಉದುರಿಸಿ ಉಫ್ ಎಂದು ಊದಿದ. ಕೋಕೋ ಕಪ್ಪಿಗಿಂತ ಉಳಿದ ಕಡೆಯೇ ಹೆಚ್ಚು ಕೂತಿತು! ಪರದೆ, ಬೆಕ್ಕು, ಒಣಗಲು ಹಾಕಿದ್ದ ಬಿಳಿ ಮೇಜುಬಟ್ಟೆ, ಯಾವುದೂ ಉಳಿಯಲಿಲ್ಲ. ಬೆಕ್ಕಂತೂ ಮೂರು ದಿನ ತನ್ನನ್ನೇ ನೆಕ್ಕಿ ನೆಕ್ಕಿ ದಪ್ಪಗಾಯಿತು.

ಆರ್ಡಿಸ್ ಸೊಂಟಕ್ಕೆ ಕೈ ಇಟ್ಟು ಬಾಗಿಲಲ್ಲಿ ನಿಂತಳು. "ಅಚ್ಚು ಸಿಕ್ತಾ?"

"ಸಿಕ್ತು! ಹೆಬ್ಬೆರಳು ಸ್ಪಷ್ಟವಾಗಿದೆ."

"ಯಾವುದರ ಜೊತೆ ಹೋಲಿಸ್ತೀರಿ?"

ಸೆಲ್ಮರ್ ಕಪ್ಪನ್ನು ತಿರುಗಿಸಿ ತಿರುಗಿಸಿ ನೋಡಿದ. ಟೆಲಿವಿಷನ್ನಿನಲ್ಲಿ ಈ ಭಾಗವನ್ನು ಯಾರೋ ಪೊಲೀಸಿನವರು ನೋಡಿಕೊಳ್ಳುತ್ತಿದ್ದರು. ಕೊನೆಗೆ, "ಅದು ನನ್ನ ಹೆಬ್ಬೆರಳೇ ಇರಬಹುದು" ಎಂದು ಒಪ್ಪಿಕೊಂಡ.

ಹಾಗಾದರೆ ಉಳಿದದ್ದು ಗೋರಿಕಲ್ಲು! ಶನಿವಾರ ಡೈರಿಯಿಂದ ಬರುವಾಗ ಸೆಲ್ಮರ್ ಚರ್ಚಿನ ಹಿಂದಿನ ಹಳೆಯ ಸ್ಮಶಾನಕ್ಕೆ ಹೊಕ್ಕ. ಆ ಮೂಲೆಗೆ ಅವನು ಹುಟ್ಟಿದಾಗಿನಿಂದ ಹೋದವನಲ್ಲ. ಅವನ ತಂದೆತಾಯಿಯ ಸಮಾಧಿಗಳಿದ್ದದ್ದು ಹೊಸ ಭಾಗದಲ್ಲಿ. ಹುಲ್ಲಿನಲ್ಲಿ ಮಂಡಿಯೂರಿ, ಪಾಚಿ ಕೆರೆದು ಕೆರೆದು ಓದುತ್ತಾ ಹೋದವನು ಒಂದು ಪುಟ್ಟ ಕಲ್ಲಿನ ಮುಂದೆ ಗಕ್ಕನೆ ತಡೆದ.

ಹಾಲ್ವರ್ ಟ್ವೆಟನ್. ಓಲೆ ಮತ್ತು ಮಾರಿತ್ ಅವರ ಮಗ. 1889–1891.

ಓಲೆ, ಮಾರಿತ್ ಅಂದರೆ ಸೆಲ್ಮರನ ಅಜ್ಜ, ಅಜ್ಜಿ. ಅವರ ಮಗ ಹಾಲ್ವರ್ ಎರಡು ವರ್ಷದ ಕೂಸಾಗಿದ್ದಾಗಲೇ ಸತ್ತಿದ್ದಾನೆ! ಮುದಿ ಅತ್ತೆ ಆ ಸತ್ತ ಕೂಸನ್ನು ಮನಸ್ಸಿನಲ್ಲೇ ಬೆಳೆಸಿ ದೊಡ್ಡವನನ್ನಾಗಿ ಮಾಡಿ ಊರು ಬಿಡಿಸಿದ್ದಾಳೆ. ಈ ಖದೀಮ ಅದನ್ನು ಎಲ್ಲಿಂದಲೋ ಮೂಸಿಕೊಂಡು ಮಗನಾಗಿ ಬಂದಿದ್ದಾನೆ. ಪಕ್ಕದಲ್ಲಿ ಲೈಲ್ಯಾಕ್ ಗಿಡದ ಕೊಂಬೆಗಳ ಅಡಿ ಇನ್ನೂ ಏನೇನೋ ಕಲ್ಲುಗಳಿದ್ದವು. ಸೆಲ್ಮರನಿಗೆ ಬೇಕಾಗಿರಲಿಲ್ಲ. ಸಂತೋಷದಿಂದ ಅವನು ಸ್ಮಶಾನದಲ್ಲೇ ಸಣ್ಣಗೆ ಸಿಳ್ಳೆ ಹೊಡೆದ.

ಊರಿನ ಹಳಬರೊಬ್ಬರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಆದರೆ ಟೆಲಿವಿಷನ್ ವಕೀಲ ಯಾರನ್ನೂ ಮೊದಲೇ ಕೇಳುವುದಿಲ್ಲ. ಎಲ್ಲರೂ ಸೇರಿದ ಮೇಲೆಯೇ ಫಟ್ಟೆಂದು ಹೊರಗೆಳೆಯುತ್ತಾನೆ!

ಮೇ ಮೂವತ್ತು ಬಂತು. ಕಾಫಿ ಡಬ್ಬಗಳಿಗೆ ನೀರು ತುಂಬಿ ಲೈಲ್ಯಾಕ್ ಹೂಗಳನ್ನು ಸಿಕ್ಕಿಸಿಕೊಂಡು ಊರಿಗೆ ಊರೇ ಸ್ಮಶಾನದಲ್ಲಿ ನೆರೆದಿತ್ತು. ಯುದ್ಧಕ್ಕೆ ಹೋಗಿ ಬಂದವರು ಗಾಳಿಯಲ್ಲಿ ಗುಂಡು ಹಾರಿಸಿದರು, ಪಾದ್ರಿ ಪ್ರಾರ್ಥನೆ ಮುಗಿಸಿದರು. ಚರ್ಚಿನ ನೆಲಮಾಳಿಗೆಯಲ್ಲಿ ಆಲೂಗಡ್ಡೆ ಸಲಾಡು ಕಾಯುತ್ತಿತ್ತು. ಜನ ಆ ಕಡೆಗೆ ಹೆಜ್ಜೆ ಹಾಕುವಷ್ಟರಲ್ಲಿ ಸೆಲ್ಮರ್ ಅಡ್ಡ ಬಂದು ನಿಂತ. ಹೆಬ್ಬೆರಳುಗಳು ಪ್ಯಾಂಟಿನ ಪಟ್ಟಿಯಲ್ಲಿ.

"ಒಂದು ನಿಮಿಷ! ಓರ್ವಿನ್ ಅವರೇ, ತಮ್ಮ ತಂದೆ ಹುಟ್ಟಿದ ವರ್ಷ ಯಾವುದು?"

ಓರ್ವಿನ್ ಕಣ್ಣು ಮಿಟುಕಿಸಿದ. "ತೊಂಬತ್ಮೂರು ಅಣ್ಣ. ಸಾವಿರದ ಎಂಟುನೂರ ತೊಂಬತ್ಮೂರು."

"ಯೋಚನೆ ಮಾಡಿ ಹೇಳಿ!"

"ಯೋಚನೆ ಏನಿದೆ? ಅವರು ಹುಟ್ಟುವಾಗ ನಾನು ಇರಲಿಲ್ಲ. ಅವರೇ ಹಾಗೆ ಹೇಳಿದ್ದು."

ಜನ ನಕ್ಕರು. ಸೆಲ್ಮರ್ ನಗಲಿಲ್ಲ. "ದಯವಿಟ್ಟು ಎಲ್ಲರೂ ಈ ಕಡೆ ಬನ್ನಿ" ಎಂದು ಮೆರವಣಿಗೆಯಂತೆ ಹಳೆಯ ಮೂಲೆಗೆ ನಡೆಸಿಕೊಂಡು ಹೋದ. ಸಲಾಡಿನ ಆಸೆಗಿಂತ ಕುತೂಹಲ ದೊಡ್ಡದಾಯಿತು. ಒಬ್ಬರೂ ಹಿಂದೆ ಉಳಿಯಲಿಲ್ಲ.

"ಓದಿ!" ಸೆಲ್ಮರ್ ಕಲ್ಲಿಗೆ ಬೆರಳು ತೋರಿಸಿದ. "ಹಾಲ್ವರ್ ಟ್ವೆಟನ್ ಸತ್ತದ್ದು ತೊಂಬತ್ತೊಂದರಲ್ಲಿ. ಈ ಮಹಾಶಯರ ತಂದೆ ಹುಟ್ಟೋದಕ್ಕಿಂತ ಎರಡು ವರ್ಷ ಮೊದಲೇ ತೀರಿಕೊಂಡಿದ್ದಾರೆ! ಸತ್ತ ಮಗುವಿನ ಹೆಸರು ಹೇಳಿಕೊಂಡು ನಮ್ಮತ್ತೆ ಮನೆಗೆ ಬಂದಿರೋ ನೀವು ಯಾರು? ನಿಮ್ಮನ್ನ ಕಳಿಸಿದವರು ಯಾರು?"

ಯಾರೋ ಹೆಂಗಸರು "ಅಯ್ಯೋ" ಎಂದರು. ಓರ್ವಿನ್ ಟೋಪಿ ತೆಗೆದ. ಅವನು ಅಳಲೂ ಇಲ್ಲ, ಓಡಲೂ ಇಲ್ಲ. ಬಗ್ಗಿ, ಕಲ್ಲಿನ ಮೇಲಿನ ಅಕ್ಷರಗಳನ್ನು ಒರಟು ಬೆರಳಿನಿಂದ ನಿಧಾನವಾಗಿ ಸವರಿದ. "ಇದು ನನಗೆ ಗೊತ್ತಿರಲಿಲ್ಲ. ಅಪ್ಪ ಒಂದು ದಿನವೂ ಹೇಳಲಿಲ್ಲ" ಎಂದ.

"ಹೇಳಿರಲ್ಲ!" ಎಂದ ಸೆಲ್ಮರ್.

ಅಷ್ಟರಲ್ಲಿ ಗುಂಪು ಇಬ್ಭಾಗವಾಯಿತು. ತೋರಾ ಅತ್ತೆ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಹೂವಿನ ಡಬ್ಬ ಹಿಡಿದು ಬಂದಳು.

"ಓ, ಇಲ್ಲಿದೀರಾ ಎಲ್ಲರೂ? ಹಾಲ್ವರ್‌ನ ಹುಡುಕಿಬಿಟ್ಟಿದೀಯಾ ಸೆಲ್ಮರ್! ವರ್ಷಾ ವರ್ಷಾ ನಾನೊಬ್ಬಳೇ ಇವನಿಗೆ ಹೂ ತರ್ತಿದ್ದೆ. ಇವನು ಮೊದಲನೇ ಹಾಲ್ವರ್. ಗಂಟಲು ಬೇನೆ ಬಂದು ಹೋದ. ಎರಡು ವರ್ಷಕ್ಕೆ ಮತ್ತೊಂದು ಗಂಡು ಹುಟ್ಟಿತು, ಅಮ್ಮ ಅವನಿಗೂ ಅದೇ ಹೆಸರಿಟ್ಟಳು. ಆಗೆಲ್ಲ ಹಾಗೇ ಅಲ್ವೇನೋ? ಹೆಸರು ಮನೆ ಬಿಟ್ಟು ಹೋಗಬಾರದು ಅಂತ."

"ಮೊದಲನೇ... ಎರಡನೇ..." ಸೆಲ್ಮರನ ಹೆಬ್ಬೆರಳು ಒಂದು ಪಟ್ಟಿಯಿಂದ ಜಾರಿತು.

"ನಾನೂ ಎರಡನೇ ಟೊರ್ಗ್ರಿಮ್ ಕಣಪ್ಪ" ಎಂದ ಗುಂಪಿನಿಂದ ಒಬ್ಬ ಮುದುಕ. "ನಾನು ಮೂರನೇ ಬೆರಿತ್!" ಎಂದಳು ಇನ್ನೊಬ್ಬಳು. "ಹಾಲ್ವರ್‌ನ ಮರೀತೀವಾ? ಒಂದು ಕುದುರೆ ವಿಷಯಕ್ಕೆ ನಿಮ್ಮಪ್ಪನ ಜೊತೆ ಜಗಳ ಆಡಿ ಹದಿನಾರಕ್ಕೇ ಊರು ಬಿಟ್ಟ. ನನ್ನನ್ನ ಕೇಳಿದ್ರೆ ಹೇಳ್ತಿದ್ದೆ!" ಎಂದ ಟೊರ್ಗ್ರಿಮ್. ಐದು ನಿಮಿಷದಲ್ಲಿ ಸತ್ತವರ ಹೆಸರು ಹೊತ್ತು ಬದುಕಿರುವವರು ಹನ್ನೊಂದು ಜನ ಕೈ ಎತ್ತಿದರು. ಇಷ್ಟೊಂದು ನಕಲಿಗಳು ಒಂದೇ ಕಡೆ ಸಿಕ್ಕ ಕಂತು ಯಾವ ಟೆಲಿವಿಷನ್ನಿನಲ್ಲೂ ಬಂದಿರಲಿಕ್ಕಿಲ್ಲ!

"ಆದ್ರೂ ಅತ್ತೆ, ಇಂಥದ್ದೆಲ್ಲ ಅಜ್ಜಿ ಕಾಲಕ್ಕೆ ಸರಿ" ಎಂದು ಸೆಲ್ಮರ್ ಕೊನೆಯ ಕಸರತ್ತು ಮಾಡಿದ. "ನಮ್ಮ ಅಪ್ಪ ಅಮ್ಮ ಎಲ್ಲಾದರೂ ಹೀಗೆ..."

ಅತ್ತೆ ಕೋಲಿನಿಂದ ಲೈಲ್ಯಾಕ್ ಕೊಂಬೆಯನ್ನು ಪಕ್ಕಕ್ಕೆ ಸರಿಸಿದಳು. ಅಡಿಯಲ್ಲಿ ಇನ್ನೂ ಪುಟ್ಟದೊಂದು ಕಲ್ಲು.

ಸೆಲ್ಮರ್ ಟ್ವೆಟನ್. ನೆಲ್ಸ್ ಮತ್ತು ಕ್ಲಾರಾ ಅವರ ಮಗ. 1904–1905.

ಸೆಲ್ಮರ್ ತನ್ನ ಹೆಸರನ್ನೂ ಅಪ್ಪ ಅಮ್ಮನ ಹೆಸರನ್ನೂ ಓದಿದ. ಮತ್ತೊಮ್ಮೆ ಓದಿದ. ಅಕ್ಷರ ಬದಲಾಗಲಿಲ್ಲ.

"ನೀನು ಹುಟ್ಟಿದ್ದು ಅದಾಗಿ ಮೂರು ವರ್ಷಕ್ಕೆ" ಎಂದಳು ಅತ್ತೆ ಮೆಲ್ಲಗೆ. "ನಿಮ್ಮಮ್ಮನಿಗೆ ಈ ಕಡೆ ಬರೋಕೆ ಕಾಲು ಬರ್ತಿರಲಿಲ್ಲ. ಅದಕ್ಕೇ ನಿನಗೂ ತೋರಿಸಲಿಲ್ಲ."

ಮೊದಲು ಚೇತರಿಸಿಕೊಂಡವಳು ಆರ್ಡಿಸ್. "ಹಾಗಾದ್ರೆ ಇಪ್ಪತ್ತೆಂಟು ವರ್ಷದಿಂದ ನಾನು ಬೇಯಿಸಿ ಹಾಕ್ತಿರೋದು ಯಾರಿಗೆ? ಸತ್ತವನ ಹೆಸರು ಹೇಳ್ಕೊಂಡು ಮನೆಗೆ ನುಗ್ಗಿದ್ದಲ್ದೆ, ಕೋಕೋ ಬೇರೆ ಖಾಲಿ ಮಾಡಿದಾನೆ! ಯಾರ್ರೀ ನಿಮ್ಮನ್ನ ಕಳಿಸಿದ್ದು?"

ಸ್ಮಶಾನದಲ್ಲಿ ಅಷ್ಟು ಜೋರಾಗಿ ನಗಬಾರದು ಎಂದು ಪಾದ್ರಿ ಹೇಳಬೇಕೆಂದಿದ್ದರು. ಆದರೆ ಅವರೇ ಬೆನ್ನು ತಿರುಗಿಸಿ ನಿಂತಿದ್ದರು, ಭುಜ ಕುಲುಕುತ್ತಿತ್ತು.

ನಗು ಇಳಿದ ಮೇಲೆ ಓರ್ವಿನ್ ಅತ್ತೆಯ ಕೈಯಿಂದ ಡಬ್ಬ ತೆಗೆದುಕೊಂಡ. ಹೂಗಳನ್ನು ಎರಡು ಪಾಲು ಮಾಡಿ ಒಂದನ್ನು ಹಾಲ್ವರ್‌ನ ಕಲ್ಲಿಗೆ ಇಟ್ಟ. ಇನ್ನೊಂದನ್ನು ಸೆಲ್ಮರನ ಕೈಗೆ ಕೊಟ್ಟ. ಸೆಲ್ಮರ್ ಬಗ್ಗಿ, ಎಂದೂ ಕಾಣದ ಅಣ್ಣನ ಮುಂದೆ ಅದನ್ನಿಟ್ಟ. ಏಳುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

"ನಾಳೆ ಕಾಗದದಲ್ಲಿ ನಿಮ್ಮಿಬ್ಬರ ಹೆಸರನ್ನೂ ಬರೆಸಬೇಕು ಅಂತಿದ್ದೆ" ಎಂದಳು ಅತ್ತೆ. "ಮನೆ ಜೊತೆಯಲ್ಲಿ ಅನುಭವಿಸಿ ಅಂತ. ಈಗ ಓರ್ವಿನ್‌ನ ಕೇಳಬೇಕು. ಇಷ್ಟು ಅವಮಾನ ಮಾಡಿದವನ ಜೊತೆ ಒಂದೇ ಸೂರಿನಡಿ ಇರ್ತಾನೋ ಇಲ್ವೋ."

ಇಪ್ಪತ್ತು ಬೇಸಿಗೆಯ ಸರೋವರ ಸೆಲ್ಮರನ ಕಣ್ಣ ಮುಂದೆ ಬತ್ತುತ್ತಾ ಬಂತು. "ತಪ್ಪಾಯ್ತು ಓರ್ವಿನ್" ಎಂದ. "ಶನಿವಾರ ಸಂಜೆ ನಿನ್ನ ಜೊತೆ ದೋಣಿಯಲ್ಲಿ ಮೀನಿಗೆ ಬರಲಾ? ಟೆಲಿವಿಷನ್ ಹೊತ್ತು ಆದ್ರೂ ಪರವಾಗಿಲ್ಲ."

ಓರ್ವಿನ್ ಟೋಪಿ ಹಾಕಿಕೊಂಡ. ಒಂದು ಸಲ ಪುಟ್ಟ ಕಲ್ಲನ್ನು, ಒಂದು ಸಲ ಸೆಲ್ಮರನನ್ನು ನೋಡಿದ.

"ಖಂಡಿತ ಬನ್ನಿ ಅಣ್ಣ. ಆದರೆ ಮೀನು ಹಿಡಿಯೋ ಲೈಸೆನ್ಸು ಮಾತ್ರ ಹೊಸದಾಗಿ ಮಾಡಿಸ್ಕೊಂಡು ಬನ್ನಿ. ಸರ್ಕಾರದೋರು ದೋಣಿ ತಡೆದು ಕೇಳಿದ್ರೆ, ಐವತ್ತಾರು ವರ್ಷದ ಹಿಂದೆ ತೀರಿಕೊಂಡೋರಿಗೆ ಗಾಳ ಹಾಕೋಕೆ ಅನುಮತಿ ಇದೆಯೋ ಇಲ್ವೋ, ನನಗೆ ಗೊತ್ತಿಲ್ಲ."