‘ನಾನು’ ಅಂದರೆ ನಾನಲ್ಲ

ನಗುವಂಥದ್ದು ಏನಾದರೂ ನಡೆಯಲಿ ಎಂದು ಯಾರೂ ಕಾದು ಕೂತಿರುವುದಿಲ್ಲ. ಆದರೂ ಅತ್ತಿಗುಪ್ಪೆಯ ನಮ್ಮ ಮನೆಯ ಮುಂದಿನ ರೂಮಿನಲ್ಲಿ ಅದು ಬಿಡದೆ ನಡೆಯುತ್ತಲೇ ಇದೆ. ನಾನು ಹಿಂದೆ ಏನನ್ನೂ ಬರೆದವನಲ್ಲ. ಆದ್ದರಿಂದ ಕೆಲವು ವಿಷಯಗಳನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಅದು ಯಾಕೆ, ಇದು ಯಾರು ಎಂದು ಓದುವವರು ತಡಕಾಡಬಾರದು.

ಮೆಜೆಸ್ಟಿಕ್ ಹತ್ತಿರದ ಒಂದು ಲಾಡ್ಜಿನಲ್ಲಿ ಬಹಳ ವರ್ಷ ರಿಸೆಪ್ಷನ್‌ನಲ್ಲಿ ಕೂತವನು ನಾನು. ತಮಿಳು, ತೆಲುಗು, ಹಿಂದಿ ಎಲ್ಲವನ್ನೂ ಅಲ್ಲೇ ಕಲಿತೆ. ಲಾಡ್ಜ್ ಮುಚ್ಚಿದ ಮೇಲೆ ಪರಿಚಯದವರೊಬ್ಬರು ಫೋನಿನಲ್ಲಿ ಮಾಡುವ ದುಭಾಷಿ ಕೆಲಸ ಕೊಡಿಸಿದರು. ನನಗೆ ಬರುವ ಕರೆಗಳೆಲ್ಲ ನಾರ್ವೆ ದೇಶದ ಉತ್ತರದ ತುದಿಯವು. ಅಲ್ಲಿ ಚಳಿಗಾಲದಲ್ಲಿ ಸೂರ್ಯ ಹುಟ್ಟುವುದೇ ಇಲ್ಲವಂತೆ. ಆದರೂ ಮೀನು ಫ್ಯಾಕ್ಟರಿಗಳ ಕೆಲಸಕ್ಕೆ ಶ್ರೀಲಂಕಾದ ತಮಿಳರು ಬಹಳ ಹಿಂದೆಯೇ ಹೋಗಿ ನೆಲೆಸಿದ್ದಾರೆ. ಈಗ ಹಿಂದಿಯ ಅಡುಗೆಯವರು, ತೆಲುಗಿನ ಸಂಸಾರಗಳು ಎಲ್ಲ ಸೇರಿಕೊಂಡಿವೆ. ಇವರು ಆಸ್ಪತ್ರೆಗೆ ಹೋದಾಗ ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಇವರ ಭಾಷೆಗೆ, ಇವರು ಹೇಳಿದ್ದನ್ನು ಇಂಗ್ಲಿಷಿಗೆ ಮಾಡಿ ಹೇಳಬೇಕು.

ಈ ಕೆಲಸಕ್ಕೆ ಒಂದು ಕಟ್ಟುನಿಟ್ಟಾದ ನಿಯಮ ಇದೆ. ರೋಗಿ ‘ನನಗೆ ತಲೆನೋವು’ ಅಂದರೆ ನಾನೂ ‘ನನಗೆ ತಲೆನೋವು’ ಅನ್ನಬೇಕು. ‘ಅವರಿಗೆ ತಲೆನೋವಂತೆ’ ಅನ್ನುವ ಹಾಗಿಲ್ಲ. ಡಾಕ್ಟರು ಮಾತಾಡಿದರೆ ನಾನೇ ಡಾಕ್ಟರು. ಇನ್ನೊಂದು ನಿಯಮ, ಯಾರ ವಿಷಯವನ್ನೂ ಹೊರಗೆ ಬಿಟ್ಟುಕೊಡಬಾರದು. ಅದಕ್ಕೇ ಇಲ್ಲಿ ಊರು, ವಯಸ್ಸು, ಕಾಯಿಲೆ ಎಲ್ಲ ಅದಲುಬದಲು ಮಾಡಿದ್ದೇನೆ.

ಕೊನೆಯದಾಗಿ ನನ್ನ ಮಗಳ ವಿಷಯ. ಅವಳು ವಿಜಯನಗರದ ಒಂದು ಶಾಲೆಯಲ್ಲಿ ಟೀಚರ್. ಕೆಂಗೇರಿಯಲ್ಲಿ ಟೈಲ್ಸ್ ಅಂಗಡಿ ಇರುವ ಮನೆಯ ಹುಡುಗನೊಬ್ಬ ಅವಳಿಗೆ ಒಪ್ಪಿಗೆಯಾಗಿದ್ದ. ಅವನಿಗೂ ಇವಳು ಒಪ್ಪಿಗೆ. ದೊಡ್ಡವರು ಒಪ್ಪುವುದೊಂದು ಬಾಕಿ ಇತ್ತು. ಆ ಮನೆಯಲ್ಲಿ ಅಜ್ಜಿ ಹೇಳಿದ್ದೇ ಕೊನೆಯ ಮಾತು ಎಂದೂ ಗೊತ್ತಿತ್ತು. ‘ಅಪ್ಪ, ನಮ್ಮ ಮನೆ ಬಗ್ಗೆ ಅವ್ರಿಗೆ ಒಂದು ಕೆಟ್ಟ ಮಾತೂ ಹೋಗ್ಬಾರ್ದು ನೋಡು’ ಎಂದು ಮಗಳು ಮೊದಲೇ ಹೇಳಿಟ್ಟಿದ್ದಳು.

ನಾಲ್ಕನೇ ತಿಂಗಳು

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಬ್ಬರು ಅಡ್ಡವಾಗಿ ನುಸುಳುವಷ್ಟು ಜಾಗ. ಪಕ್ಕದ ಮನೆಯಲ್ಲಿರುವವರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ಮೇಡಂ. ನನ್ನ ರೂಮಿನ ಕಿಟಕಿಯ ಎದುರಿಗೇ ಅವರ ಅಡುಗೆಮನೆಯ ಕಿಟಕಿ. ನಾರ್ವೆಯಲ್ಲಿ ಆಸ್ಪತ್ರೆ ಬಾಗಿಲು ತೆಗೆಯುವ ಹೊತ್ತಿಗೆ ನಮ್ಮಲ್ಲಿ ಮಧ್ಯಾಹ್ನವಾಗಿರುತ್ತದೆ. ರಸ್ತೆಯಲ್ಲಿ ಸದ್ದಿರುವುದಿಲ್ಲ, ಮಾತು ಚೆನ್ನಾಗಿ ಕೇಳಿಸುತ್ತದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಸುರಿ ಹೆಂಗಸೊಬ್ಬರ ಕರೆ ಬಂತು. ಅವರು ಹೇಳಿದ್ದನ್ನೆಲ್ಲ ನಿಯಮದ ಪ್ರಕಾರ, ಗಟ್ಟಿಯಾಗಿ, ಇಂಗ್ಲಿಷಿನಲ್ಲಿ ಹೇಳಿದೆ. ನನ್ನದು ಸ್ವಲ್ಪ ದಪ್ಪ ಗಂಟಲು.

ಸಂಜೆ ಮೇಡಂ ಒಂದು ಬಟ್ಟಲು ಹಿಡಿದುಕೊಂಡು ಬಂದರು. ನನ್ನ ಹೆಂಡತಿಯನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಪಿಸುಗುಟ್ಟಿದರು.

‘ಬೇಜಾರ್ ಮಾಡ್ಕೋಬೇಡಮ್ಮ. ನಿಮ್ಮ ಯಜಮಾನ್ರು ಮಧ್ಯಾಹ್ನ ಯಾರಿಗೋ ಫೋನಲ್ಲಿ, ನನಗೀಗ ನಾಲ್ಕನೇ ತಿಂಗಳು, ಬೆಳಗ್ಗೆ ಎದ್ರೆ ವಾಂತಿ ಅಂತ ಹೇಳ್ತಾ ಇದ್ರು. ಗಂಡನಿಗೆ ಇನ್ನೂ ಹೇಳಿಲ್ಲ ಅಂತಾನೂ ಅಂದ್ರು.’

ನನ್ನ ಹೆಂಡತಿ ಬಟ್ಟಲಿನ ಮುಚ್ಚಳ ತೆಗೆದು ನೋಡಿದಳು. ಒಳಗೆ ಉಪ್ಪುಖಾರ ಹಾಕಿದ ಮಾವಿನಕಾಯಿ ಇತ್ತು.

‘ಹೆಂಡ್ತಿಗೂ ಹೇಳಿಲ್ಲ, ಮೇಡಂ’ ಅಂದಳು.

ಲಾಡ್ಜಿನ ತಮಿಳು

ಮೇಡಂಗೆ ಅವತ್ತೇ ಎಲ್ಲವನ್ನೂ ವಿವರಿಸಿ ಹೇಳಿದೆವು. ಅವರು ನಕ್ಕು ಸುಮ್ಮನಾದರು. ನಾನೂ ಕಿಟಕಿ ಮುಚ್ಚಿಕೊಂಡು ಕೆಲಸ ಮಾಡುವ ಅಭ್ಯಾಸ ಮಾಡಿಕೊಂಡೆ. ಆದರೆ ಏಪ್ರಿಲ್ ತಿಂಗಳ ಸೆಕೆಯಲ್ಲಿ ಅದು ಸಾಧ್ಯವಾಗಲಿಲ್ಲ.

ಹಾಗೆ ಕಿಟಕಿ ತೆಗೆದಿದ್ದ ದಿನ ಶ್ರೀಲಂಕಾದ ವಯಸ್ಸಾದ ತಮಿಳಮ್ಮ ಒಬ್ಬರ ಕರೆ ಬಂತು. ಅವರ ಊರಿನ ತಮಿಳು ಬೇರೆ, ನಾನು ಲಾಡ್ಜಿನ ಕೌಂಟರಿನಲ್ಲಿ ಕಲಿತ ತಮಿಳು ಬೇರೆ. ಅವರದು ಪೂಜೆಗೆ ಕೂತವರು ಮಾತಾಡಿದ ಹಾಗೆ ನಿಧಾನ, ಮೃದು. ನನ್ನದು ರೂಮ್ ಖಾಲಿ ಮಾಡಿಸುವವನ ಹಾಗೆ. ಎರಡು ಪ್ರಶ್ನೆ ಆಗುವಷ್ಟರಲ್ಲಿ ಆಯಮ್ಮ ತಡೆದು, ‘ಡಾಕ್ಟರೇ, ಈ ದುಭಾಷಿಯ ತಮಿಳು ಬಹಳ ಕೆಟ್ಟದಾಗಿದೆ’ ಅಂದರು.

ಯಾರು ಏನೇ ಹೇಳಲಿ, ಒಂದು ಮಾತನ್ನೂ ಬಿಡುವ ಹಾಗಿಲ್ಲ. ಆದ್ದರಿಂದ ಅದನ್ನೂ ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಡಾಕ್ಟರು, ‘ಹಾಗಾದರೆ ನಾವು ಏನು ಮಾಡೋಣ?’ ಎಂದು ಕೇಳಿದರು. ಅದನ್ನು ಆಯಮ್ಮನಿಗೆ ಅದೇ ಕೆಟ್ಟ ತಮಿಳಿನಲ್ಲಿ ಹೇಳಿದೆ. ಅವರು ಒಂದು ನಿಟ್ಟುಸಿರು ಬಿಟ್ಟು ನೇರವಾಗಿ ಡಾಕ್ಟರ ಜೊತೆ ನಾರ್ವೆ ಭಾಷೆಯಲ್ಲೇ ಸರಾಗವಾಗಿ ಮಾತಾಡತೊಡಗಿದರು. ಡಾಕ್ಟರಿಗೇ ಆಶ್ಚರ್ಯವಾಯಿತು. ಇಷ್ಟು ಚೆನ್ನಾಗಿ ಬರುವಾಗ ದುಭಾಷಿಯನ್ನು ಯಾಕೆ ಕೇಳಿದಿರಿ ಎಂದು ನನ್ನ ಮೂಲಕವೇ ವಿಚಾರಿಸಿದರು. ಆಯಮ್ಮ ಉತ್ತರವನ್ನು ನನಗೂ ಗೊತ್ತಾಗಲಿ ಎಂದು ತಮಿಳಿನಲ್ಲೇ ಕೊಟ್ಟರು.

‘ನನ್ನ ನೋವನ್ನ ನನ್ನ ಭಾಷೇಲಿ ಒಂದು ಸಲ ಹೇಳ್ಕೋಬೇಕು ಅಂತ ಆಸೆ ಇತ್ತು. ಈ ತಂಬಿ ಮಾತು ಕೇಳಿದ್ಮೇಲೆ ಆ ಆಸೆ ಹೋಯ್ತು.’

ಇದನ್ನೂ ಇಂಗ್ಲಿಷಿಗೆ ಮಾಡಿ ಹೇಳಿ ಫೋನ್ ಇಟ್ಟೆ. ಎದುರು ಕಿಟಕಿಯಿಂದ ಮೇಡಂ ಕೇಳಿದರು: ‘ಸಾರ್, ನಿಮ್ಮ ತಮಿಳು ಕೆಟ್ಟದಾಗಿದೆ ಅಂದ್ರಲ್ಲ, ಅದು ನೀವು ಹೇಳಿದ್ದೋ, ಅವ್ರು ಹೇಳಿದ್ದೋ?’

ನಾನು ಬಾಯಿ ತೆಗೆಯುವ ಮೊದಲೇ ಒಳಗಿನಿಂದ ನನ್ನ ಹೆಂಡತಿ, ‘ಯಾರ್ ಹೇಳಿದ್ರೂ ನಿಜಾನೇ ಬಿಡಿ ಮೇಡಂ’ ಅಂದಳು.

ಉಸಿರಿನ ಒಪ್ಪಿಗೆ

ಆ ಉತ್ತರದ ಕಡೆಯವರಿಗೆ ಒಂದು ಅಭ್ಯಾಸ ಇದೆ. ‘ಹೌದು’ ಅನ್ನಬೇಕಾದ ಕಡೆ ಅವರು ಬಾಯಿಂದ ಗಕ್ಕನೆ ಉಸಿರು ಒಳಗೆಳೆದುಕೊಳ್ಳುತ್ತಾರೆ. ಅಷ್ಟೇ, ಅದೇ ಒಪ್ಪಿಗೆ. ಮೊದಲ ಸಲ ಕೇಳಿದಾಗ ನರ್ಸಮ್ಮನಿಗೇ ಏನೋ ಆಯಿತೆಂದು ಗಾಬರಿಯಾಗಿ, ಅವರಿಗೆ ಸ್ವಲ್ಪ ನೀರು ಕೊಡಿ ಎಂದು ನಾನು ರೋಗಿಗೆ ಹೇಳಿದ್ದೆ. ಅಲ್ಲಿ ನೆಲೆಸಿದ ನಮ್ಮವರೂ ತಮಿಳು, ತೆಲುಗು ಮಾತಾಡುವಾಗ ನಡುನಡುವೆ ಹೀಗೇ ಉಸಿರೆಳೆಯುತ್ತಾರೆ. ದಿನವೂ ಕೇಳಿ ಕೇಳಿ ನನಗೂ ಅಂಟಿಕೊಂಡಿತು.

ಜಾತಕ ಕೂಡಿಬಂದ ಮೇಲೆ ಒಂದು ದಿನ ಕೆಂಗೇರಿಯಿಂದ ಹುಡುಗನ ತಂದೆ ಫೋನ್ ಮಾಡಿದರು. ಎಲ್ಲದಕ್ಕೂ ಹೌದು ಅನ್ನಬೇಕು ಎಂದು ನಾನು ತೀರ್ಮಾನ ಮಾಡಿಕೊಂಡೇ ಕೂತಿದ್ದೆ.

‘ಎಲ್ಲಾ ಸರಿಹೋದ್ರೆ ಮದುವೆ ಎರಡು ದಿನ ಮಾಡೋಣ, ಅಲ್ವಾ ಸಾರ್?’ ಅಂದರು.

ನಾನು ಹೌದು ಎಂದುಕೊಂಡು ಗಕ್ಕನೆ ಉಸಿರೆಳೆದೆ.

‘ಇಲ್ಲ ಇಲ್ಲ, ಗಾಬರಿಯಾಗ್ಬೇಡಿ. ಒಂದೇ ದಿನ ಸಾಕು’ ಅಂದರು.

ಅದಕ್ಕೂ ಹೌದು ಎಂದು ಇನ್ನೊಮ್ಮೆ ಉಸಿರೆಳೆದೆ.

‘ಒಂದು ದಿನಾನೂ ಕಷ್ಟ ಆಗುತ್ತಾ? ಆಯ್ತು, ಬೆಳಗ್ಗೆ ಮುಹೂರ್ತ, ಮಧ್ಯಾಹ್ನ ಊಟ, ಮುಗೀತು. ನಮ್ಮ ಕಡೆಯಿಂದ ಒಂದು ಸಾವಿರ ಜನ ಆಗ್ಬಹುದು…’

ಮತ್ತೆ ಉಸಿರೆಳೆದೆ.

‘ಅಯ್ಯೋ, ಹತ್ತಿರದವರು ಮಾತ್ರ ಬರ್ತೀವಿ ಸಾರ್. ನೀವು ಮೊದ್ಲು ಕೂತ್ಕೊಳ್ಳಿ, ನೀರು ಕುಡೀರಿ.’

ಆಗ ನನಗೆ ವಿಷಯ ಹೊಳೆಯಿತು. ಹಾಗಲ್ಲ ಎಂದು ವಿವರಿಸಲು ಬಾಯಿ ತೆಗೆದೆ. ಪಕ್ಕದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ನನ್ನ ಹೆಂಡತಿ ಭುಜ ತಿವಿದು ಪಿಸುಗುಟ್ಟಿದಳು: ‘ಇನ್ನೊಂದ್ ಸಲ ಎಳೀರಿ. ಚಪ್ಪರ ಅವರೇ ಹಾಕಿಸ್ತಾರೆ.’

ವಿಚಾರಣೆ

ನಮ್ಮ ಕಡೆ ಸಂಬಂಧ ಬೆಳೆಸುವ ಮುಂಚೆ ಅಕ್ಕಪಕ್ಕದ ಮನೆಗಳಲ್ಲಿ ವಿಚಾರಿಸುವುದು ವಾಡಿಕೆ. ಹುಡುಗನ ಸೋದರಮಾವ ಒಂದು ಭಾನುವಾರ ಸ್ಕೂಟರಿನಲ್ಲಿ ಬಂದು ನೇರವಾಗಿ ಮೇಡಂ ಮನೆಗೇ ಹೋದರು. ನಾವು ಕಿಟಕಿಯ ಈ ಕಡೆ ಉಸಿರು ಬಿಗಿಹಿಡಿದು ಕೂತೆವು. ಮಗಳಂತೂ ಉಗುರು ಕಚ್ಚುತ್ತಿದ್ದಳು. ಮೇಡಂಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ ಎಂಬುದೇ ನಮ್ಮ ಭಯ.

‘ಹುಡುಗಿ ಹೇಗೆ ಮೇಡಂ?’

‘ಚಿನ್ನದಂಥ ಹುಡುಗಿ. ನನ್ನ ಹತ್ರಾನೇ ಇಂಗ್ಲಿಷ್ ಓದಿದವಳು.’

‘ತಾಯಿ?’

‘ಒಳ್ಳೇ ಗೃಹಿಣಿ.’

‘ತಂದೆ?’

ಮುಂದಿನದನ್ನು ಮೇಡಂ ಹೇಳಿದ್ದು ನಮಗೆ ಒಳ್ಳೆಯದಾಗಲಿ ಎಂದೇ. ಅದರಲ್ಲಿ ನನಗೆ ಅನುಮಾನವಿಲ್ಲ.

‘ಬಹಳ ಸಂಭಾವಿತರು. ಆದ್ರೆ ಒಂದು ಮಾತು ನೆನಪಿಟ್ಕೊಳ್ಳಿ. ಆ ಮನುಷ್ಯ ‘ನಾನು’ ಅಂತ ಬಾಯಿ ತೆಗೆದ್ರೆ, ಆಮೇಲೆ ಹೇಳೋದು ಯಾವುದನ್ನೂ ನಂಬೋಕೆ ಹೋಗ್ಬೇಡಿ.’

ಕನ್ನಡದ ಕರೆ

ಸೋದರಮಾವನ ವರದಿ ಕೇಳಿದ ಮೇಲೆ ಹುಡುಗನ ಅಜ್ಜಿ, ತಾನೇ ಬಂದು ನೋಡಬೇಕು ಅಂದರು. ವಿಜಯದಶಮಿಯ ಸಂಜೆ ಎಂದು ಗೊತ್ತಾಯಿತು. ನಮಗೆ ಹಬ್ಬ. ನಾರ್ವೆಯಲ್ಲಿ ಅದು ಮಾಮೂಲಿ ಕೆಲಸದ ದಿನ. ನಾನು ರಜ ಹಾಕಿದ್ದೆ.

ಅಜ್ಜಿ, ಹುಡುಗ, ಅವನ ತಂದೆತಾಯಿ ಮತ್ತು ಸೋದರಮಾವ ಬಂದು ಹಾಲಿನಲ್ಲಿ ಕೂತರು. ಹೆಂಡತಿ ಕೇಸರಿಬಾತು, ಬೋಂಡ ತಂದಿಟ್ಟಳು. ಯಾರೂ ಕೈಹಾಕಲಿಲ್ಲ. ‘ಒಪ್ಪಿಗೆ ಆಗೋ ಮುಂಚೆ ಹೆಣ್ಣಿನ ಮನೇಲಿ ಸಿಹಿ ಮುಟ್ಟೋದು ನಮ್ಮಲ್ಲಿ ಪದ್ಧತಿ ಇಲ್ಲಮ್ಮ. ತಿಂದ್ರೆ ಒಪ್ಪಿದ ಹಾಗೆ’ ಅಂದರು ಅಜ್ಜಿ. ಮಗಳು ಬಂದು ನಮಸ್ಕಾರ ಮಾಡಿದಳು. ಅಜ್ಜಿ ಅವಳನ್ನು ನೋಡಿದರು, ಗೋಡೆ ನೋಡಿದರು, ನನ್ನನ್ನು ಬಹಳ ಹೊತ್ತು ನೋಡಿದರು. ಏನೂ ಹೇಳಲಿಲ್ಲ.

ಅಷ್ಟರಲ್ಲಿ ಫೋನ್ ಬಂತು. ಕನ್ನಡದ ರೋಗಿ ಒಬ್ಬರಿದ್ದಾರೆ, ಬೇರೆ ಯಾರೂ ಸಿಗುತ್ತಿಲ್ಲ, ದಯವಿಟ್ಟು ಮಾತಾಡಿ ಎಂದು ಈ ಕರೆಗಳನ್ನು ಕಳಿಸುವ ಏಜೆನ್ಸಿಯವರು ಬೇಡಿಕೊಂಡರು. ಕೆಲಸಕ್ಕೆ ಸೇರಿದಾಗಿನಿಂದ ನನಗೆ ಕನ್ನಡದ ಕರೆ ಒಂದೂ ಬಂದಿರಲಿಲ್ಲ. ಆ ತುದಿಯಲ್ಲಿ ನಮ್ಮವರೊಬ್ಬರು ಇದ್ದಾರೆ ಎಂದು ತಿಳಿದ ಮೇಲೆ ಬೇಡ ಅನ್ನಲು ಮನಸ್ಸು ಬರಲಿಲ್ಲ. ನನ್ನದು ಫೋನಿನ ಕೆಲಸ ಎಂದಷ್ಟೇ ಬಂದವರಿಗೆ ಗೊತ್ತಿತ್ತು. ಐದೇ ನಿಮಿಷ ಎಂದು ಹೇಳಿ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿದೆ. ಹಾಲಿನಲ್ಲಿ ನಡೆದದ್ದನ್ನೆಲ್ಲ ಆಮೇಲೆ ಹೆಂಡತಿ ಹೇಳಿದಳು.

ಆ ಕಡೆ ಇದ್ದವರು ಮಗಳ ಜೊತೆ ಅಲ್ಲೇ ನೆಲೆಸಿರುವ ಒಬ್ಬ ಅಜ್ಜಿ. ಆಸ್ಪತ್ರೆ ಸೇರಿದಾಗಿನಿಂದ ಊಟ ಬಿಟ್ಟಿದ್ದಾರೆ. ಕಿವಿ ಮಂದ. ಅಲ್ಲಿ ಮಧ್ಯಾಹ್ನದ ಊಟದ ಹೊತ್ತು, ಎದುರಿಗೆ ತಟ್ಟೆ ಇದೆ. ಅವರು ಹೇಳುತ್ತಾ ಹೋದರು, ನಾನು ಇಂಗ್ಲಿಷಿನಲ್ಲಿ ಡಾಕ್ಟರಿಗೆ ಹೇಳುತ್ತಾ ಹೋದೆ:

‘ಇಲ್ಲಿನ ಊಟಕ್ಕೆ ಉಪ್ಪಿಲ್ಲ, ಖಾರ ಇಲ್ಲ. ನಾನಂತೂ ಮುಟ್ಟಲ್ಲ. ಈ ಜನ ಬರ್ತಾರೆ, ಮುಖ ನೋಡ್ತಾರೆ, ಒಂದು ಮಾತೂ ಆಡಲ್ಲ. ನನ್ನನ್ನೇನು ಪ್ರದರ್ಶನಕ್ಕೆ ಇಟ್ಟಿದ್ದಾರಾ? ಇವರೆಲ್ಲ ಇಲ್ಲಿಂದ ಯಾವಾಗ ತೊಲಗ್ತಾರೆ?’

ಹಾಲಿನಲ್ಲಿ ಹುಡುಗನ ತಾಯಿ ಮುಂದಿದ್ದ ತಟ್ಟೆಯನ್ನು ದೂರ ಸರಿಸಿದರು. ಅವನ ತಂದೆಯ ಮುಖ ಕೆಂಪಾಯಿತು. ಸೋದರಮಾವ ಮಾತ್ರ, ‘ಇವರ ಮಾತು ನಂಬಬಾರದು ಅಂತ ಆ ಮೇಡಂ ಹೇಳಿದ್ರು’ ಎಂದು ಅನುಮಾನದಿಂದ ಹೇಳುತ್ತಲೇ ಎದ್ದು ನಿಂತರು. ಹುಡುಗನ ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ‘ಏನಂತೆ? ಏನಂತೆ?’ ಎಂದು ಎಲ್ಲರನ್ನೂ ಕೇಳತೊಡಗಿದರು. ಯಾರೂ ಹೇಳಲಿಲ್ಲ. ಮಗಳ ಕಣ್ಣಲ್ಲಿ ನೀರು ಬಂದಿತ್ತು. ನನ್ನ ಹೆಂಡತಿ ಎಲ್ಲವನ್ನೂ ವಿವರಿಸಲು ಹೊರಟಿದ್ದಳು.

ಅದೇ ಹೊತ್ತಿಗೆ ಅಲ್ಲಿ ಆಸ್ಪತ್ರೆಯ ಅಜ್ಜಿಯೂ ಮಂಚದಿಂದ ಇಳಿಯಲು ಹೊರಟರಂತೆ. ಡಾಕ್ಟರು ಗದರಿದರು. ಡಾಕ್ಟರು ಗದರಿದರೆ ನಾನೂ ಗದರಬೇಕು. ಆ ಅಜ್ಜಿಗೆ ಕಿವಿ ಬೇರೆ ಮಂದ. ಹಾಗಾಗಿ ಕನ್ನಡದಲ್ಲಿ, ನನ್ನ ದಪ್ಪ ಗಂಟಲಿನಲ್ಲಿ, ಎಷ್ಟು ಸಾಧ್ಯವೋ ಅಷ್ಟು ಜೋರಾಗಿ ಕೂಗಿದೆ:

‘ಕೂತ್ಕೊಳ್ಳಿ! ಎದ್ದು ಹೋಗೋ ಹಾಗಿಲ್ಲ!’

ಸೋದರಮಾವ ಧೊಪ್ಪನೆ ಕೂತರು.

‘ಇದನ್ನ ನಿಮಗೋಸ್ಕರಾನೇ ಮಾಡಿಸಿರೋದು. ತಟ್ಟೆ ಖಾಲಿ ಆಗದೆ ಇಲ್ಲಿಂದ ಕಳಿಸಲ್ಲ! ನಾನೇ ಬಂದು ಬಾಯಿಗೆ ಹಾಕ್ತೀನಿ!’

ಮೊದಲು ಚಮಚ ತೆಗೆದುಕೊಂಡವರು ಹುಡುಗನ ಅಜ್ಜಿಯಂತೆ. ಆಮೇಲೆ ಉಳಿದವರು. ಯಾರೂ ತಲೆ ಎತ್ತಲಿಲ್ಲ. ಹುಡುಗ ಎರಡನೇ ಸಲ ಹಾಕಿಸಿಕೊಂಡ.

ನಾನು ಬಾಗಿಲು ತೆಗೆದು ಹೊರಗೆ ಬಂದಾಗ ಐದು ತಟ್ಟೆಗಳೂ ತೊಳೆದಿಟ್ಟ ಹಾಗಿದ್ದವು. ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡು, ‘ಇನ್ನೇನಪ್ಪ, ಸಿಹಿ ತಿಂದಾಯ್ತು. ಒಪ್ಪಿದ ಹಾಗೇ ಆಯ್ತು’ ಅಂದರು. ಆಮೇಲೆ ಮಗನ ಕಡೆ ತಿರುಗಿ, ‘ಬಲವಂತ ಮಾಡಿ ಬಡಿಸೋ ಮನೆ ಈಗಿನ ಕಾಲದಲ್ಲಿ ಎಲ್ಲಿ ಸಿಗುತ್ತೆ ಹೇಳು’ ಅಂದರು.

ಮಗಳು ಅಳು ಮರೆತು ನನ್ನನ್ನೇ ನೋಡಿದಳು. ನನಗೆ ಒಂದೂ ಅರ್ಥವಾಗಲಿಲ್ಲ. ನನಗೆ ಗೊತ್ತಿದ್ದದ್ದು ಇಷ್ಟೇ: ಅಷ್ಟೆಲ್ಲ ಕೂಗಿದರೂ ಆ ಆಸ್ಪತ್ರೆಯ ಅಜ್ಜಿ ಒಂದು ತುತ್ತೂ ಮುಟ್ಟಿರಲಿಲ್ಲ.